ಟೂಡೂ ಟೆಕ್ಸ್ಟ್ ಬಳಸಿ ಮೂರು ವರ್ಷ: ಮುಗಿದ ಕೆಲಸಗಳ ಪಟ್ಟಿಯೇ ಹೆಚ್ಚು ಉಪಯೋಗಕ್ಕೆ ಬಂತು

ದಾವಣಗೆರೆಯ ನಮ್ಮ ಮನೆಯ ಕೆಲಸಗಳನ್ನೂ ನಾನು ಪಾಠ ಮಾಡುವ ಪ್ರೌಢಶಾಲೆಯ ಕೆಲಸಗಳನ್ನೂ 2022ರ ಜೂನ್‌ನಿಂದ ಒಂದು ಸಾದಾ ಪಠ್ಯ ಕಡತದಲ್ಲಿ ಬರೆದಿಡುತ್ತ ಬಂದಿದ್ದೇನೆ. ಟೂಡೂ ಟೆಕ್ಸ್ಟ್ ಎಂಬ ಹೆಸರಿನ ಈ ಕ್ರಮವನ್ನು ಜೀನಾ ಟ್ರಪಾನಿ ಅವರು 2006ರಲ್ಲಿ ರೂಪಿಸಿದರು. ಒಂದು ಸಾಲಿಗೆ ಒಂದು ಕೆಲಸ. ಕೂಡುವ ಚಿಹ್ನೆಯ ಮುಂದೆ ಆ ಕೆಲಸ ಯಾವ ದೊಡ್ಡ ಕೆಲಸದ ಭಾಗವೆಂಬುದು, ಅಟ್ ಚಿಹ್ನೆಯ ಮುಂದೆ ಅದನ್ನು ಎಲ್ಲಿ ಮಾಡಬೇಕೆಂಬುದು. ಮುಗಿದರೆ ಸಾಲಿನ ಮೊದಲಿಗೆ ಇಂಗ್ಲಿಷಿನ ಸಣ್ಣ ಎಕ್ಸ್ ಅಕ್ಷರ ಮತ್ತು ಮುಗಿದ ದಿನಾಂಕ. ಉಳಿದ ಸಣ್ಣಪುಟ್ಟ ನಿಯಮಗಳು ಎಲ್ಲರಿಗೂ ಸಿಗುವಂಥವು, ಅವುಗಳನ್ನು ಇಲ್ಲಿ ವಿವರಿಸುವುದಿಲ್ಲ. ಮೂರು ವರ್ಷ ದಿನವೂ ಬಳಸಿದ ಮೇಲೆ ಏನು ದಕ್ಕಿತು, ಎಲ್ಲಿ ಪೆಟ್ಟು ಬಿತ್ತು ಎಂಬುದನ್ನಷ್ಟೇ ಹೇಳುತ್ತೇನೆ.

ನಾನು ಇದಕ್ಕೆ ಬಂದದ್ದು ಒಂದು ನಷ್ಟದ ನಂತರ. ಅದಕ್ಕೂ ಮುಂಚೆ ಎರಡು ವರ್ಷ ಉಚಿತವಾದ ಒಂದು ಜ್ಞಾಪನೆಯ ಆ್ಯಪ್ ಬಳಸುತ್ತಿದ್ದೆ. ವಿಮೆಯ ಅರ್ಧವಾರ್ಷಿಕ ಕಂತಿನ ದಿನವನ್ನು ಅದರಲ್ಲಿ ನಮೂದಿಸಿ ನಿಶ್ಚಿಂತೆಯಿಂದ ಇದ್ದೆ. ಆ ದಿನ ಫೋನ್ ಸದ್ದು ಮಾಡಲಿಲ್ಲ, ಮರುದಿನವೂ ಇಲ್ಲ. ಕಂತಿಗೆ ಇರುವ 30 ದಿನಗಳ ಹೆಚ್ಚುವರಿ ಅವಧಿಯೂ ಕಳೆದ ಮೇಲೆ, ಬೇರೇನೋ ಕಾಗದ ಹುಡುಕುವಾಗ ರಸೀದಿ ಕೈಗೆ ಸಿಕ್ಕಿ ವಿಷಯ ಗೊತ್ತಾಯಿತು. ಪಾಲಿಸಿಯನ್ನು ಮತ್ತೆ ಊರ್ಜಿತಗೊಳಿಸಲು ಬಡ್ಡಿ ಕಟ್ಟಿ, ಆರೋಗ್ಯದ ಘೋಷಣೆ ಬರೆದುಕೊಟ್ಟು, ಎರಡು ಮಧ್ಯಾಹ್ನ ರಜೆ ಹಾಕಿ ಓಡಾಡಬೇಕಾಯಿತು.

ಕಾರಣವನ್ನು ಆಮೇಲೆ ತಿಳಿದುಕೊಂಡೆ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಈಚೆಗೆ, ಪರದೆ ಆರಿ, ಚಾರ್ಜರ್ ಇಲ್ಲದೆ, ಅಲುಗಾಡದೆ ಇಟ್ಟಲ್ಲೇ ಇರುವ ಫೋನ್ ಡೋಜ್ ಎಂಬ ನಿದ್ದೆಗೆ ಜಾರುತ್ತದೆ. ಆಗ ಆ್ಯಪ್‌ಗಳು ತೆರೆಮರೆಯಲ್ಲಿ ಮಾಡುವ ಕೆಲಸವೆಲ್ಲ ಮುಂದಕ್ಕೆ ಹೋಗುತ್ತದೆ. ಇದರ ಮೇಲೆ ಕಡಿಮೆ ಬೆಲೆಯ ಹಲವು ಫೋನ್‌ಗಳಲ್ಲಿ ತಯಾರಕರು ತಮ್ಮದೇ ಬ್ಯಾಟರಿ ಉಳಿತಾಯದ ಕಟ್ಟುನಿಟ್ಟನ್ನು ಸೇರಿಸಿರುತ್ತಾರೆ. 2023ರ ಆಂಡ್ರಾಯ್ಡ್ 14ರಲ್ಲಿಯಂತೂ ಹೊಸದಾಗಿ ಹಾಕಿಕೊಂಡ ಹೆಚ್ಚಿನ ಆ್ಯಪ್‌ಗಳಿಗೆ ನಿಖರ ಸಮಯಕ್ಕೆ ಎಚ್ಚರಿಸುವ ಅನುಮತಿಯನ್ನು ನಾವೇ ಹುಡುಕಿ ಕೊಡಬೇಕು. ಆದರೆ ಫೋನಿನ ಗಡಿಯಾರದಲ್ಲಿ ಇಟ್ಟ ಅಲಾರಾಂ ಡೋಜ್ ಸ್ಥಿತಿಯಲ್ಲೂ ಹೊತ್ತಿಗೆ ಸರಿಯಾಗಿ ಹೊಡೆದುಕೊಳ್ಳುತ್ತದೆ. ಹೀಗಾಗಿ ನೆನಪಿಡುವ ಕೆಲಸವನ್ನು ಕಡತಕ್ಕೂ ಕೂಗುವ ಕೆಲಸವನ್ನು ಗಡಿಯಾರಕ್ಕೂ ಹಂಚಿಬಿಟ್ಟೆ. ನನ್ನ ಫೋನ್ ಒಂಬತ್ತು ಸಾವಿರ ರೂಪಾಯಿಯದು, ಆ್ಯಪ್‌ಗೆಂದು ವರ್ಷವರ್ಷ ಚಂದಾ ಕಟ್ಟುವ ಮನಸ್ಸು ನನಗಿಲ್ಲ. ಈ ಎರಡೂ ಪುಕ್ಕಟೆ ಎಂಬುದೂ ನನ್ನ ಲೆಕ್ಕದಲ್ಲಿತ್ತು.

ಇನ್ನೊಂದು ಯೋಚನೆಯೂ ಇತ್ತು. ಕೆಲಸಗಳ ಪಟ್ಟಿ ಇಡುವ ವಂಡರ್‌ಲಿಸ್ಟ್ ಎಂಬ ಜನಪ್ರಿಯ ಆ್ಯಪ್ 2015ರಲ್ಲಿ ಮೈಕ್ರೋಸಾಫ್ಟ್ ಪಾಲಾಗಿ 2020ರ ಮೇ 6ರಂದು ಮುಚ್ಚಿಹೋಯಿತು. ಪಠ್ಯ ಕಡತವನ್ನು ಮುಚ್ಚುವವರು ಯಾರೂ ಇಲ್ಲ. ಯಾವ ಫೋನಿನಲ್ಲೂ ಯಾವ ಕಂಪ್ಯೂಟರಿನಲ್ಲೂ ಅದು ತೆರೆದುಕೊಳ್ಳುತ್ತದೆ.

ದಿನಚರಿ ಹೀಗಿದೆ. ರಾತ್ರಿ ಒಂಬತ್ತಕ್ಕೆ, ಪಾತ್ರೆ ತೊಳೆದು ಒಲೆಯ ಕಟ್ಟೆ ಒರೆಸಿದ ಮೇಲೆ, ಗಡಿಯಾರ ಒಮ್ಮೆ ಕೂಗುತ್ತದೆ. ಅಡುಗೆಮನೆಯ ಬಾಗಿಲ ಬಳಿ ಇರುವ ಮಣೆಯ ಮೇಲೆ ಕುಳಿತು ಕಡತ ತೆರೆಯುತ್ತೇನೆ. ಮೊದಲು ಆ ದಿನ ಮುಗಿದ ಸಾಲುಗಳಿಗೆ ಗುರುತು ಹಾಕಿ ದಿನಾಂಕ ಬರೆಯುವುದು, ಅವುಗಳನ್ನು ಕತ್ತರಿಸಿ ‘ಮುಗಿದವು’ ಎಂಬ ಎರಡನೆಯ ಕಡತಕ್ಕೆ ಅಂಟಿಸುವುದು, ಆಮೇಲೆ ಮರುದಿನದ ಮೂರೇ ಮೂರು ಸಾಲುಗಳನ್ನು ಮೇಲಕ್ಕೆ ತಂದು, ಮೊದಲು ಮಾಡಬೇಕಾದವು ಎಂಬ ಗುರುತಿಗೆ ಆವರಣದೊಳಗೆ ‘ಎ’ ಹಾಕುವುದು. ಹತ್ತು ನಿಮಿಷದ ಕೆಲಸ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ದಿನಾಂಕ ಬರೆಯುವುದರಿಂದ ಸಾಲುಗಳನ್ನು ವಿಂಗಡಿಸಿದರೆ ತಾವಾಗಿಯೇ ಕಾಲಕ್ರಮಕ್ಕೆ ಬಂದು ನಿಲ್ಲುತ್ತವೆ. ಆರಂಭದಲ್ಲಿ ನಮ್ಮ ರೂಢಿಯಂತೆ ದಿನವನ್ನು ಮುಂದಿಟ್ಟು ಬರೆಯುತ್ತಿದ್ದೆ. ಆಗ ಒಂದನೆಯ ತಾರೀಖಿನ ಎಲ್ಲ ತಿಂಗಳ ಕೆಲಸಗಳೂ ಒಂದೆಡೆ ಗುಂಪಾಗಿ ಕಡತ ಗೋಜಲಾಗುತ್ತಿತ್ತು.

ಅಟ್ ಚಿಹ್ನೆಯ ಉಪಯೋಗ ನನಗೆ ಮೊದಲ ವಾರದಲ್ಲೇ ತಿಳಿಯಿತು. @ಮಂಡಿಪೇಟೆ ಎಂದು ಹುಡುಕಿದರೆ ಮಿಕ್ಸಿಯ ಜಾರ್ ರಿಪೇರಿ, ಬೇಳೆ, ಅತ್ತೆಯವರ ಕನ್ನಡಕದ ಕಡ್ಡಿ, ಮೂರೂ ಒಟ್ಟಿಗೆ ಬರುತ್ತವೆ. ಒಂದೇ ಆಟೋ ಬಾಡಿಗೆಯಲ್ಲಿ ಎಲ್ಲ ಮುಗಿಯುತ್ತದೆ. @ಚನ್ನಗಿರಿ ಎಂಬುದು ಅಲ್ಲಿನ ನಮ್ಮ ಅಡಿಕೆ ತೋಟಕ್ಕೆ ಮೀಸಲು. ಫಸಲನ್ನು ಗುತ್ತಿಗೆ ಹಿಡಿದ ಖೇಣಿದಾರರಿಂದ ಬರಬೇಕಾದ ಬಾಕಿ, ಬೋರ್‌ವೆಲ್ ಮೋಟಾರಿನ ವೈಂಡಿಂಗ್, ಡ್ರಿಪ್ ಪೈಪಿನ ಜೋಡಣೆ ಇವೆಲ್ಲ ಅದರ ಕೆಳಗೆ ಕಾದಿರುತ್ತವೆ. ಭಾನುವಾರ ಬಸ್ ಹತ್ತುವ ಮುಂಚೆ ಒಮ್ಮೆ ಓದಿಕೊಂಡರೆ ಅಲ್ಲಿ ಹೋಗಿ ನೆನಪಿಸಿಕೊಳ್ಳುವ ಪಾಡಿಲ್ಲ.

ಇಷ್ಟನ್ನು ಯಾವ ಆ್ಯಪ್ ಆದರೂ ಮಾಡೀತು. ನಾನು ಈ ವಿಮರ್ಶೆ ಬರೆಯಲು ಕುಳಿತದ್ದು ‘ಮುಗಿದವು’ ಕಡತದ ಸಲುವಾಗಿ. ಅದನ್ನು ಇಟ್ಟದ್ದು ಮೊದಲ ಕಡತ ಉದ್ದವಾಗದಿರಲಿ ಎಂದಷ್ಟೇ. ಈಗ ಅದರಲ್ಲಿ ಸುಮಾರು 1,900 ಸಾಲುಗಳಿವೆ, ಮತ್ತು ನಮ್ಮ ಮನೆಯಲ್ಲಿ ಹೆಚ್ಚು ಬಾರಿ ತೆರೆಯುವ ಕಡತ ಅದೇ. ಮನೆಯ ಬಹುಪಾಲು ಕೆಲಸಗಳಿಗೆ ಗೊತ್ತಾದ ತಾರೀಖು ಇರುವುದಿಲ್ಲ, ಹಿಂದಿನ ಸಲದಿಂದ ಎಷ್ಟು ದಿನವಾಯಿತು ಎಂಬುದಷ್ಟೇ ಇರುತ್ತದೆ ಎಂಬುದನ್ನು ಆ ಕಡತ ನನಗೆ ತೋರಿಸಿಕೊಟ್ಟಿತು. ‘ಪ್ರತಿ ಮಂಗಳವಾರ’ ಎಂದು ಕೇಳುವ ಆ್ಯಪ್‌ಗೆ ನಳದ ನೀರಿನ ವಿಷಯವನ್ನು ಹೇಳುವುದು ಹೇಗೆ? ನಮ್ಮ ಬೀದಿಗೆ ಜನವರಿಯಲ್ಲಿ ನಾಲ್ಕೈದು ದಿನಕ್ಕೊಮ್ಮೆ ಬರುವ ನೀರು ಏಪ್ರಿಲ್ ಹೊತ್ತಿಗೆ ಎಂಟು ಒಂಬತ್ತು ದಿನಕ್ಕೆ ಹೋಗುತ್ತದೆ. ‘ಸಂಪ್ ತುಂಬಿತು’ ಎಂಬ ಸಾಲುಗಳನ್ನಷ್ಟೇ ಹೆಕ್ಕಿ ನೋಡಿದರೆ ಮೂರು ಬೇಸಿಗೆಗಳ ಅಂತರ ಕಣ್ಣೆದುರಿಗೆ ಬರುತ್ತದೆ. ಅದನ್ನು ನೋಡಿ ಮಾರ್ಚ್ ಎರಡನೆಯ ವಾರದಿಂದಲೇ ಬಟ್ಟೆ ಒಗೆಯುವ ದಿನಗಳನ್ನು ಬದಲಿಸಿಕೊಳ್ಳುತ್ತೇನೆ. ‘ಏನವ್ವಾ, ನಳ ಬಂದು ಎಷ್ಟು ದಿನ ಆತು? ನಿನ್ನ ಪಟ್ಟಿ ನೋಡಿ ಹೇಳು’ ಎಂದು ಅತ್ತೆಯವರೇ ಈಗ ಕೇಳುತ್ತಾರೆ.

ಗ್ಯಾಸ್ ಸಿಲಿಂಡರಿನದೂ ಇದೇ ಕಥೆ. 14.2 ಕಿಲೋ ಸಿಲಿಂಡರ್ ನಮ್ಮ ನಾಲ್ವರ ಮನೆಗೆ 38ರಿಂದ 44 ದಿನ ಬರುತ್ತದೆ ಎಂದು ಕಡತ ಹೇಳುತ್ತದೆ, ಹಬ್ಬಗಳು ಸಾಲಾಗಿ ಬರುವ ಶ್ರಾವಣದಲ್ಲಿ ಇನ್ನೂ ಕಡಿಮೆ. ಮೂವತ್ಮೂರನೆಯ ದಿನ ಬುಕ್ ಮಾಡಿದರೆ ಸಾಕು. ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿದ್ದು, ಫಿಲ್ಟರಿನ ಕ್ಯಾಂಡಲ್ ಬದಲಿಸಿದ್ದು, ಸ್ಕೂಟರಿನ ಹೊಗೆ ತಪಾಸಣೆ, ಎಲ್ಲಕ್ಕೂ ಉತ್ತರ ಅಲ್ಲೇ ಇದೆ.

ಆದರೆ ಈ ಕಡತದ ನಿಜವಾದ ಬೆಲೆ ನನಗೆ ತಿಳಿದದ್ದು ವೈದ್ಯರ ಕೋಣೆಯಲ್ಲಿ. ಅತ್ತೆಯವರಿಗೆ ಥೈರಾಯ್ಡ್ ಗುಳಿಗೆ ಬಹಳ ವರ್ಷಗಳಿಂದ ಇದೆ. ಬೆಳಿಗ್ಗೆ 5.40ಕ್ಕೆ ಗಡಿಯಾರ ಕೂಗುತ್ತದೆ, ಬರಿಹೊಟ್ಟೆಯಲ್ಲಿ ನೀರಿನ ಜೊತೆ ಗುಳಿಗೆ ಕೊಡುತ್ತೇನೆ, ಕಾಫಿ ಒಂದು ಗಂಟೆ ಕಳೆದ ಮೇಲೆಯೇ. ಕಳೆದ ವರ್ಷ ಪರೀಕ್ಷೆಯಲ್ಲಿ, ಥೈರಾಯ್ಡ್ ಕಡಿಮೆಯಾದರೆ ಏರುವ ಟಿಎಸ್‌ಎಚ್ ಮತ್ತೆ ಹೆಚ್ಚಾಗಿತ್ತು. ಗುಳಿಗೆಯ ಪ್ರಮಾಣ ಏರಿಸಬೇಕೇ ಎಂದು ಯೋಚಿಸುತ್ತಿದ್ದ ವೈದ್ಯರು, ಇತ್ತೀಚೆಗೆ ಬೇರೆ ಯಾವುದಾದರೂ ಗುಳಿಗೆ ಶುರುವಾಗಿದೆಯೇ, ಯಾವಾಗಿನಿಂದ ಎಂದು ಕೇಳಿದರು. ಅತ್ತೆಯವರಿಗೆ ನೆನಪಿರಲಿಲ್ಲ, ನನಗೂ ಇರಲಿಲ್ಲ. ಅಲ್ಲೇ ಕುಳಿತು ಹುಡುಕಿದೆ. ಮಂಡಿನೋವಿಗೆಂದು ಹೋದಾಗ ಬರೆದುಕೊಟ್ಟ ಕ್ಯಾಲ್ಸಿಯಂ ಆರಂಭವಾದ ದಿನವೂ, ರಾತ್ರಿ ಮರೆತುಹೋಗುತ್ತದೆಂದು ನಾನೇ ಅದನ್ನು ಬೆಳಗಿನ ತಿಂಡಿಯ ಹೊತ್ತಿಗೆ ಬದಲಿಸಿದ ದಿನವೂ ಎರಡು ಸಾಲುಗಳಲ್ಲಿ ಇದ್ದವು. ಕ್ಯಾಲ್ಸಿಯಂ ಥೈರಾಯ್ಡ್ ಗುಳಿಗೆಯನ್ನು ಮೈ ಪೂರ್ತಿ ಹೀರಿಕೊಳ್ಳದಂತೆ ತಡೆಯುತ್ತದೆ, ಎರಡರ ನಡುವೆ ಕನಿಷ್ಠ ನಾಲ್ಕು ಗಂಟೆ ಅಂತರ ಬೇಕು ಎಂದು ವೈದ್ಯರು ವಿವರಿಸಿದರು. ಪ್ರಮಾಣ ಏರಿಸಲಿಲ್ಲ, ಕ್ಯಾಲ್ಸಿಯಂ ಅನ್ನು ರಾತ್ರಿ ಊಟಕ್ಕೆ ತಂದು ಎಂಟು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಲು ಹೇಳಿದರು. ಆ ಪರೀಕ್ಷೆಯ ಫಲಿತಾಂಶ ಸರಿಯಾಗಿಯೇ ಬಂತು. ಆ ಎರಡು ಸಾಲುಗಳನ್ನು ಬರೆದಿಟ್ಟಾಗ ಅವು ಇಂಥ ಕೆಲಸಕ್ಕೆ ಬಂದಾವು ಎಂಬ ಕಲ್ಪನೆಯೂ ನನಗಿರಲಿಲ್ಲ. ಮಾಡಿದ ಕೆಲಸವನ್ನು ಟಿಕ್ ಹಾಕಿದೊಡನೆ ಕಣ್ಮರೆ ಮಾಡುವ ಆ್ಯಪ್‌ನಲ್ಲಿ ಇದ್ದಿದ್ದರೆ ನಾನು ಅವುಗಳನ್ನು ಹುಡುಕುತ್ತಲೂ ಇರಲಿಲ್ಲ.

ಇಲ್ಲಿಯವರೆಗೆ ಹೊಗಳಿದ್ದೇನೆ. 2024ರ ಏಪ್ರಿಲ್‌ನಲ್ಲಿ ಆದದ್ದನ್ನು ಹೇಳದಿದ್ದರೆ ಓದುವವರಿಗೆ ಅನ್ಯಾಯವಾಗುತ್ತದೆ. ನಮ್ಮ ಮನೆಯವರು ಪಿ.ಬಿ. ರಸ್ತೆಯಲ್ಲಿ ಬಿಡಿಭಾಗಗಳ ಅಂಗಡಿ ನಡೆಸುತ್ತಾರೆ. ಇಬ್ಬರೂ ಒಂದೇ ಪಟ್ಟಿ ನೋಡಬಹುದೆಂದು ಕಡತವನ್ನು ಕ್ಲೌಡ್ ಎನ್ನುವ ಅಂತರ್ಜಾಲದ ಸಂಗ್ರಹದಲ್ಲಿಟ್ಟು ಎರಡೂ ಫೋನಿಗೆ ಜೋಡಿಸಿದ್ದೆ. ಒಂದು ದಿನ ಅವರು ಡೇಟಾ ಆಫ್ ಇದ್ದಾಗ ತಮ್ಮ ಫೋನಿನಲ್ಲಿ ಒಂದು ಸಾಲು ಸೇರಿಸಿದರು. ಅದೇ ಹೊತ್ತಿನಲ್ಲಿ ನಾನು ಮನೆಯಲ್ಲಿ ಇಡೀ ವಾರದ ಕೆಲಸಗಳನ್ನು ಹೊಸದಾಗಿ ಬರೆದಿದ್ದೆ. ಸಂಜೆ ಅವರ ಫೋನ್ ಜಾಲಕ್ಕೆ ಸೇರಿದಾಗ ಅವರ ಹಳೆಯ ಪ್ರತಿ ನನ್ನದರ ಮೇಲೆ ಕುಳಿತಿತು. ಹದಿನಾಲ್ಕು ಸಾಲುಗಳು ಹೋದವು. ಯಾವ ಎಚ್ಚರಿಕೆಯೂ ಬರಲಿಲ್ಲ. ಹೋದವುಗಳಲ್ಲಿ ಮನೆ ಕಂದಾಯದ ಸಾಲೂ ಒಂದು. ಏಪ್ರಿಲ್ ಒಳಗೆ ಕಟ್ಟಿದರೆ ಸಿಗುವ ಶೇಕಡಾ 5ರ ರಿಯಾಯಿತಿ ಆ ವರ್ಷ ನಮಗೆ ತಪ್ಪಿತು. ವಿಮೆಯ ಕಂತಿನ ವಿಷಯದಲ್ಲಿ ಒಮ್ಮೆ ಪೆಟ್ಟು ತಿಂದು, ಅದನ್ನು ತಪ್ಪಿಸಲೆಂದೇ ಕಟ್ಟಿಕೊಂಡ ಕ್ರಮದಲ್ಲಿ ಮತ್ತೆ ಅದೇ ಆದಾಗ ನನಗೆ ತುಂಬಾ ಬೇಸರವಾಯಿತು. ಎರಡು ವಾರ ಕಡತವನ್ನು ಮುಟ್ಟದೆ ಶಾಲೆಯ ಡೈರಿಯಲ್ಲೇ ಬರೆದುಕೊಂಡೆ.

ಇದು ಈ ಕ್ರಮದ ಮೂಲದಲ್ಲೇ ಇರುವ ಕೊರತೆ ಎಂದು ನಾನು ತಿಳಿಯುತ್ತೇನೆ. ಆ್ಯಪ್‌ಗಳು ಪ್ರತಿ ಕೆಲಸವನ್ನೂ ಪ್ರತ್ಯೇಕ ದಾಖಲೆಯಾಗಿ ಇಟ್ಟುಕೊಳ್ಳುವುದರಿಂದ ಇಬ್ಬರು ಬೇರೆ ಬೇರೆ ಸಾಲು ಬದಲಿಸಿದರೂ ಎರಡೂ ಉಳಿಯುತ್ತವೆ. ಪಠ್ಯ ಕಡತ ಮಾತ್ರ ಇಡಿಯಾಗಿ ಒಂದೇ ವಸ್ತು, ಕೊನೆಗೆ ಬಂದ ಪ್ರತಿ ಹಿಂದಿನದನ್ನು ನುಂಗಬಹುದು. ಈಗ ಬರೆಯುವ ಫೋನ್ ಒಂದೇ, ನನ್ನದು. ಅಂಗಡಿಯಿಂದ ಹೇಳಬೇಕಾದದ್ದನ್ನು ಅವರು ಸಂದೇಶದಲ್ಲಿ ಕಳಿಸುತ್ತಾರೆ, ರಾತ್ರಿ ಒಂಬತ್ತಕ್ಕೆ ನಾನು ಸೇರಿಸುತ್ತೇನೆ. ಪ್ರತಿ ಅಮಾವಾಸ್ಯೆಗೆ ಎರಡೂ ಕಡತಗಳ ಪ್ರತಿಯನ್ನು ನನಗೇ ಮಿಂಚಂಚೆ ಮಾಡಿಕೊಳ್ಳುತ್ತೇನೆ. ದಂಪತಿ ಇಬ್ಬರೂ ಬರೆಯಲೇಬೇಕು ಎನ್ನುವ ಮನೆಗೆ ನಾನು ಇದನ್ನು ಸೂಚಿಸುವುದಿಲ್ಲ. ಗೂಗಲ್ ಕೀಪ್ ಎಂಬ ಟಿಪ್ಪಣಿ ಆ್ಯಪ್‌ನಲ್ಲಿ ಪಟ್ಟಿಯನ್ನು ಹಂಚಿಕೊಂಡು ಇಬ್ಬರೂ ತಿದ್ದಬಹುದು, ಅವರಿಗೆ ಅದು ವಾಸಿ.

ಕನ್ನಡದಲ್ಲಿ ಬರೆಯುವವರಿಗೆ ಎರಡು ಮಾತು. ಅಕ್ಷರಗಳನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ಎಂಬ ಕ್ರಮದಲ್ಲಿ ಒಂದೊಂದು ಕನ್ನಡ ಸಂಕೇತವೂ ಮೂರು ಬೈಟ್ ಹಿಡಿಯುತ್ತದೆ, ಆದರೂ ನನ್ನ ಮೂರು ವರ್ಷದ ಕಡತ ಸುಮಾರು 250 ಕಿಲೋಬೈಟ್, ಒಂದು ಫೋಟೋಗಿಂತ ಚಿಕ್ಕದು. ತೊಂದರೆ ಇರುವುದು ಹುಡುಕುವಾಗ. ‘ಬ್ಯಾಂಕ್‌ನಲ್ಲಿ’ ಎಂಬ ಪದದೊಳಗೆ ಕಣ್ಣಿಗೆ ಕಾಣದ ಒಂದು ಬಿಡಿಸುವ ಸಂಕೇತ ಇರುತ್ತದೆ. ಒಂದು ಕೀಲಿಮಣೆ ಅದನ್ನು ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ, ಹಾಗಾಗಿ ಇದ್ದ ಸಾಲೂ ಸಿಗದೆ ಹೋಗುತ್ತದೆ. ‘ಬ್ಯಾಂಕು’ ಎಂದೇ ಬರೆದು, ವಿಭಕ್ತಿ ಸೇರಿಸದೆ ಬಿಡುವುದು ನಾನು ಕಂಡುಕೊಂಡ ಉಪಾಯ. ಹಾಗೆಯೇ ಗುಳಿಗೆ, ಮಾತ್ರೆ ಎಂದು ಬಾಯಿಗೆ ಬಂದದ್ದನ್ನು ಬರೆಯದೆ ಒಂದೇ ಪದಕ್ಕೆ ಅಂಟಿಕೊಳ್ಳಬೇಕು. ನನ್ನ ಕಡತದಲ್ಲಿ ಎಲ್ಲ ಕಡೆ ಗುಳಿಗೆಯೇ.

ದುಡ್ಡಿನ ಲೆಕ್ಕದಲ್ಲಿ ಮೂರು ವರ್ಷಕ್ಕೆ ಖರ್ಚು ಸೊನ್ನೆ, ಕೈತಪ್ಪಿದ ಒಂದು ಕಂದಾಯ ರಿಯಾಯಿತಿಯನ್ನು ಬಿಟ್ಟರೆ. ಹೊತ್ತುಹೊತ್ತಿಗೆ ಫೋನ್ ಕೂಗದಿದ್ದರೆ ಕೆಲಸ ಮಾಡಲಾಗದವರಿಗೆ, ರಾತ್ರಿ ಹತ್ತು ನಿಮಿಷ ಕೂರಲು ಬಿಡುವಿಲ್ಲದವರಿಗೆ ಇದು ಒಗ್ಗುವುದಿಲ್ಲ. ಮನೆಯಲ್ಲಿ ವಯಸ್ಸಾದವರ ಗುಳಿಗೆ, ಪರೀಕ್ಷೆ, ಪಿಂಚಣಿಯ ಕಾಗದಪತ್ರ ನೋಡಿಕೊಳ್ಳುವವರು ‘ಮುಗಿದವು’ ಕಡತವೊಂದನ್ನಾದರೂ ಇಂದೇ ಶುರುಮಾಡಲಿ ಎಂದು ಮನಸಾರೆ ಹೇಳುತ್ತೇನೆ. ಈ ವರ್ಷದ ಕಂದಾಯವನ್ನು ಏಪ್ರಿಲ್ 3ರಂದೇ ಕಟ್ಟಿದೆ. ಈಗ ಮೇಲಿನ ಸಾಲಿನಲ್ಲಿ ಇರುವುದು ನವೆಂಬರ್‌ನಲ್ಲಿ ಪಿಂಚಣಿಗಾಗಿ ಕೊಡಬೇಕಾದ ಅತ್ತೆಯವರ ಜೀವಂತ ಪ್ರಮಾಣಪತ್ರ. ಹೋದ ವರ್ಷ ಅವರ ಬೆರಳಚ್ಚು ಯಂತ್ರಕ್ಕೆ ಸಿಗದೆ ಎರಡು ಸಲ ಹೋಗಬೇಕಾಯಿತು, ಮುಖ ತೋರಿಸಿ ಮಾಡಿಸಿದ್ದು ಎರಡನೆಯ ಸಲ ಎಂದು ‘ಮುಗಿದವು’ ಕಡತದಲ್ಲಿ ಇದೆ. ಆದ್ದರಿಂದ ಈ ಸಲದ ಸಾಲಿನಲ್ಲಿ ‘ಮುಖ ಗುರುತಿನಿಂದಲೇ’ ಎಂದು ಈಗಲೇ ಸೇರಿಸಿಟ್ಟಿದ್ದೇನೆ.