ಕಿಂಗ್ರೈಂಡರ್ ಕೆ6: ಎಸ್ಪ್ರೆಸೊ ಹುಳಿಯಾದರೆ ಮೊದಲು ಪುಡಿ ನೋಡಿ

ಮನೆಯ ಎಸ್ಪ್ರೆಸೊ ಯಂತ್ರದಿಂದ ಹುಳಿ ನೀರು ಬರುತ್ತದೆ, ಕೆಫೆಯಲ್ಲಿ ಕುಡಿದ ಹಾಗೆ ಬರುವುದೇ ಇಲ್ಲ ಅಂತ ಬೇಸತ್ತು ಯಂತ್ರವನ್ನೇ ಅರ್ಧ ಬೆಲೆಗೆ ಮಾರಲು ಹೊರಟವರು ನನ್ನ ಪರಿಚಯದಲ್ಲೇ ಇದ್ದಾರೆ. ದಯವಿಟ್ಟು ಮಾರಬೇಡಿ. ನೂರಕ್ಕೆ ತೊಂಬತ್ತು ಸಲ ದೋಷ ಇರುವುದು ಯಂತ್ರದಲ್ಲಲ್ಲ, ಪುಡಿಯಲ್ಲಿ. ಅದಕ್ಕೇ ಎಸ್ಪ್ರೆಸೊ ಬಗ್ಗೆ ಬರೆಯಲು ಕೂತವಳು ಯಂತ್ರವನ್ನು ಬಿಟ್ಟು ಕೈಯಲ್ಲಿ ತಿರುಗಿಸಿ ಕಾಫಿ ಬೀಜ ಬೀಸುವ ಗ್ರೈಂಡರ್ ಒಂದರ ವಿಮರ್ಶೆ ಬರೆಯುತ್ತಿದ್ದೇನೆ. ಕಿಂಗ್ರೈಂಡರ್ ಕೆ6 ನಮ್ಮ ಚೆಂಬೂರಿನ ಮನೆಗೆ ಬಂದು ಒಂದು ಮಳೆಗಾಲ, ಒಂದು ಬೇಸಿಗೆ ಕಳೆದಿದೆ. ಅದರ ಗುಣ, ಅವಗುಣ ಎರಡೂ ಈಗ ನನಗೆ ಗೊತ್ತು.

ನಮ್ಮದು 51 ಮಿಲಿಮೀಟರ್ ಪೋರ್ಟಾಫಿಲ್ಟರಿನ (ಪುಡಿ ತುಂಬಿ ಯಂತ್ರಕ್ಕೆ ಸಿಕ್ಕಿಸುವ ಹಿಡಿಕೆಯ ಬಟ್ಟಲು) ಸಣ್ಣ ಯಂತ್ರ. ಮುಂಬೈ ಅಡುಗೆಮನೆಯ ಕಟ್ಟೆಯಲ್ಲಿ ಮಿಕ್ಸಿಗೂ ನೀರಿನ ಫಿಲ್ಟರಿಗೂ ನಡುವೆ ತೂರಿಸಬಹುದು ಅಂತಲೇ ಅದನ್ನು ಆರಿಸಿದ್ದು. ಡಬ್ಬಿಯ ಮೇಲೆ ದೊಡ್ಡದಾಗಿ 15 ಬಾರ್ ಎಂದಿತ್ತು. ಆ ಅಂಕಿ ಪಂಪಿನ ಗರಿಷ್ಠ ಶಕ್ತಿಯದು. ಎಸ್ಪ್ರೆಸೊಗೆ ಬೇಕಾದ ಒತ್ತಡ 9 ಬಾರ್ ಆಸುಪಾಸು, ಆ ಒತ್ತಡ ಹುಟ್ಟಬೇಕಾದರೆ ನೀರಿಗೆ ಏನಾದರೂ ಅಡ್ಡ ನಿಲ್ಲಬೇಕು. ಅಡ್ಡ ನಿಲ್ಲುವುದು ಪುಡಿ. ಪುಡಿ ತರಿಯಾಗಿದ್ದರೆ ನೀರು ಸಲೀಸಾಗಿ ನುಗ್ಗಿ ಹೋಗುತ್ತದೆ, ಪಂಪು ಎಷ್ಟೇ ಗಟ್ಟಿಯಿದ್ದರೂ ಉಪಯೋಗವಿಲ್ಲ. ನಮ್ಮಲ್ಲೂ ಹಾಗೇ ಆಗುತ್ತಿತ್ತು. ಗುಂಡಿ ಒತ್ತಿ ಹತ್ತು ಸೆಕೆಂಡಾಗುವಷ್ಟರಲ್ಲಿ ಲೋಟ ತುಂಬುವುದು, ಬಣ್ಣ ತೆಳು ಹಳದಿ, ಬಾಯಿಗಿಟ್ಟರೆ ನಾಲಿಗೆಯ ಎರಡೂ ಅಂಚು ಚುರ್ರೆನ್ನುವಂಥ ಹುಳಿ, ನುಂಗಿದ ಮೇಲೆ ಏನೂ ಇಲ್ಲ.

ಸರ್ವಿಸಿನವರನ್ನು ಕರೆಸಿದೆವು. ಬಂದ ಹುಡುಗ ಬರೀ ನೀರು ಓಡಿಸಿ ನೋಡಿದ, ಪಂಪಿನ ಸದ್ದು ಕೇಳಿದ, "ಮಶೀನ್ ಏಕ್‌ದಮ್ ಠೀಕ್ ಹೈ ಮೇಡಂ" ಅಂದು ಸಹಿ ಹಾಕಿಸಿಕೊಂಡು ಹೋದ. ಅವನು ಹೇಳಿದ್ದು ನಿಜವೇ. ಆದರೆ ಯಾವ ಪುಡಿ ಹಾಕುತ್ತೀರಿ ಎಂಬ ಒಂದು ಪ್ರಶ್ನೆ ಕೇಳಿದ್ದರೆ ಆ ದಿನವೇ ವಿಷಯ ಮುಗಿಯುತ್ತಿತ್ತು. ಎಸ್ಪ್ರೆಸೊ ಯಂತ್ರ ಮಾರುವ ಕಂಪನಿಗಳು ತಮ್ಮ ಸರ್ವಿಸಿನವರಿಗೆ ಇಷ್ಟನ್ನಾದರೂ ಹೇಳಿಕೊಡಬೇಕು.

ಆ ಪ್ರಶ್ನೆ ಕೇಳಿದ್ದು ನಮ್ಮ ಮಾವ. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗ ಮುಂಬೈಗೆ ಬಂದು, ಘಾಟ್ಕೋಪರಿನಲ್ಲಿ ಹೋಟೆಲು ನಡೆಸಿದವರು. ಎಸ್ಪ್ರೆಸೊ ಅವರಿಗೆ ಬೇಡ, ಹಿತ್ತಾಳೆ ಫಿಲ್ಟರಿನ ಡಿಕಾಕ್ಷನ್ನೇ ಆಗಬೇಕು. ಆದರೂ ಸಿಂಕಿನ ಪಕ್ಕ ಬಾಸ್ಕೆಟ್ಟಿನಿಂದ (ಪೋರ್ಟಾಫಿಲ್ಟರಿನೊಳಗೆ ಕೂರುವ ತೂತಿನ ಬಟ್ಟಲು) ಬಡಿದು ಹಾಕಿದ ಚರಟವನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. "ಇದೆಂಥದು ಮಗಾ, ಕಾಫಿ ಪುಡಿಯಾ ಬೊಂಬಾಯಿ ರವೆಯಾ? ಫಿಲ್ಟರಿನಲ್ಲಿ ನೀರು ಕೂತು ಕೂತು ಇಳಿಯುತ್ತದೆ, ಅದಕ್ಕೆ ಈ ತರಿ ಸಾಕು. ನಿನ್ನ ಮಶೀನು ಅರ್ಧ ನಿಮಿಷದಲ್ಲಿ ಎಲ್ಲ ಎಳೆದುಕೊಳ್ಳಬೇಕಲ್ಲ!" ಅಂದರು. ಎಷ್ಟೋ ಬರಹ ಓದಿದರೂ ಇದಕ್ಕಿಂತ ಸ್ಪಷ್ಟವಾದ ವಿವರಣೆ ನನಗೆ ಸಿಕ್ಕಿಲ್ಲ.

ಮುಂಬೈ ಕನ್ನಡಿಗರಿಗೆ ಪುಡಿ ಅಂದರೆ ಮಾಟುಂಗಾ. ಮೈಸೂರು ಕನ್ಸರ್ನ್ಸ್‌ನಂಥ ಹಳೆಯ ಅಂಗಡಿಯ ಮುಂದೆ ನಿಂತರೆ ಬರುವ ಪರಿಮಳಕ್ಕೆ ಇಡೀ ವಾರದ ಲೋಕಲ್ ರೈಲಿನ ದಣಿವು ಇಳಿಯುತ್ತದೆ. ಮಾವನ ಫಿಲ್ಟರಿಗೆ ಇವತ್ತಿಗೂ ಪುಡಿ ಬರುವುದು ಮಾಟುಂಗಾದಿಂದಲೇ, ಮುಂದೆಯೂ ಹಾಗೇ. ಆದರೆ ಎಸ್ಪ್ರೆಸೊಗೆ ಆ ದಾರಿ ಆಗಿಬರುವುದಿಲ್ಲ, ಅದಕ್ಕೆ ಎರಡು ಕಾರಣ. ಒಂದು, ಚಿಕೋರಿ. ಫಿಲ್ಟರ್ ಕಾಫಿಗೆ ದಪ್ಪ ಕೊಡುವ ಈ ಬೇರಿನ ಪುಡಿ ಬಿಸಿನೀರು ತಗುಲಿದ ತಕ್ಷಣ ಕರಗಿ ಅಂಟಾಗಿ ಬಾಸ್ಕೆಟ್ಟಿನ ಸಣ್ಣ ತೂತುಗಳನ್ನು ಮುಚ್ಚುತ್ತದೆ. ಎಸ್ಪ್ರೆಸೊಗೆ ಅದು ಚೂರೂ ಬೇಡ. ಇನ್ನೊಂದು, ಚಿಕೋರಿ ಇಲ್ಲದೆ ನುಣ್ಣಗೆ ಬೀಸಿಸಿಕೊಂಡು ಬಂದರೂ ಆ ನುಣುಪು ನಿಮ್ಮ ಯಂತ್ರಕ್ಕೆ ಹೊಂದಲೇಬೇಕೆಂದಿಲ್ಲ. ಹೊಂದದಿದ್ದರೆ ಮನೆಯಲ್ಲಿ ಬದಲಾಯಿಸುವ ದಾರಿಯಿಲ್ಲ. ಮೇಲಾಗಿ ಬೀಸಿದ ಪುಡಿಯ ಘಮ ಕೆಲವೇ ದಿನಕ್ಕೆ ಹೋಗುತ್ತದೆ, ಮುಂಬೈಯ ತೇವದಲ್ಲಿ ಇನ್ನೂ ಬೇಗ.

ಮಿಕ್ಸಿಯಲ್ಲಿ ಪುಡಿ ಮಾಡಿದರೆ ಆಗದೇ ಅಂತ ಕೇಳುವವರಿದ್ದಾರೆ. ಆಗದು. ಮಿಕ್ಸಿಯ ಬ್ಲೇಡು ಬೀಜವನ್ನು ಒಡೆದು ಚೂರು ಮಾಡುತ್ತದೆ, ಅರೆಯುವುದಿಲ್ಲ. ಅರ್ಧ ಧೂಳು, ಅರ್ಧ ನುಚ್ಚು. ಧೂಳಿನಿಂದ ಕಹಿ, ನುಚ್ಚಿನಿಂದ ಹುಳಿ, ಎರಡೂ ಒಂದೇ ಲೋಟಕ್ಕೆ.

ಗ್ರೈಂಡರ್ ಕೊಳ್ಳುವ ಮೊದಲೇ ಮಾಡಬೇಕಾದ ಇನ್ನೊಂದು ಕೆಲಸವಿದೆ. ನಿಮ್ಮ ಯಂತ್ರದ ಬಾಸ್ಕೆಟ್ಟನ್ನು ತಿರುಗಿಸಿ ತಳ ನೋಡಿ. ಒಳಗಡೆ ನೂರಾರು ತೂತು ಕಂಡರೂ ಹೊರಗಡೆ ಒಂದೇ ಒಂದು ಸೂಜಿಮೊನೆಯಷ್ಟು ತೂತಿದ್ದರೆ ಅದು ಎರಡು ತಳದ, ಒತ್ತಡದ ಬಾಸ್ಕೆಟ್. ಮನೆಯ ಸಣ್ಣ ಯಂತ್ರಗಳ ಜೊತೆ ಹೆಚ್ಚಾಗಿ ಇದೇ ಬರುತ್ತದೆ. ಅಂಗಡಿ ಪುಡಿ ಹಾಕಿದರೂ ಮೇಲೆ ನೊರೆ ಬರಲಿ ಅಂತ ಮಾಡಿದ್ದು. ಆ ನೊರೆ ಕ್ರೀಮಾ, ಅಂದರೆ ಒಳ್ಳೆಯ ಎಸ್ಪ್ರೆಸೊ ಮೇಲೆ ನಿಲ್ಲುವ ಹೊಂಬಣ್ಣದ ನೊರೆಯ ಥರ ಕಾಣುತ್ತದೆ, ರುಚಿಯಲ್ಲಿ ಏನೂ ಇರುವುದಿಲ್ಲ. ಒಂದೇ ತಳದ ಬಾಸ್ಕೆಟ್ ಬೇರೆಯಾಗಿ ಸಿಗುತ್ತದೆ, ಬೆಳಕಿಗೆ ಹಿಡಿದರೆ ತೂತುಗಳೆಲ್ಲ ಆರಪಾರ ಕಾಣುತ್ತವೆ. ಅಳತೆ ಸರಿಯಾಗಿ ನೋಡಿ ತರಿಸಿ. ಇದು ಹಾಕಿದ ಮೇಲೆ ಯಂತ್ರ ಏನನ್ನೂ ಮುಚ್ಚಿಡುವುದಿಲ್ಲ, ಪುಡಿ ಕೆಟ್ಟದಾಗಿದ್ದರೆ ಶಾಟೂ (ಒಂದು ಸಲಕ್ಕೆ ಇಳಿಯುವ ಎಸ್ಪ್ರೆಸೊ) ಕೆಟ್ಟದಾಗಿಯೇ ಬರುತ್ತದೆ. ಒಳ್ಳೆಯ ಗ್ರೈಂಡರ್ ಆಗಲೇ ಬೇಕಾಗುವುದು.

ಈಗ ಕೆ6. ಒಳಗೆ 48 ಮಿಲಿಮೀಟರಿನ ಉಕ್ಕಿನ ಬರ್, ಅಂದರೆ ಬೀಜ ಅರೆಯುವ ಹಲ್ಲಿನ ಜೋಡಿ. ನುಣುಪು ಹೊಂದಿಸುವ ಉಂಗುರ ಹೊರಗಡೆಯೇ ಇದೆ, ಬೀಜ ಒಳಗಿದ್ದಾಗಲೂ ತಿರುಗಿಸಬಹುದು. ಒಂದು ಪೂರ್ತಿ ಸುತ್ತಿಗೆ 60 ಕ್ಲಿಕ್, ಒಂದು ಕ್ಲಿಕ್ಕಿಗೆ ಬರ್‌ಗಳ ನಡುವಿನ ಅಂತರ 16 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಬದಲಾಗುತ್ತದೆ. ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಈ ಅಂಕಿಯೇ. ಎಸ್ಪ್ರೆಸೊದಲ್ಲಿ ಸರಿ ಮತ್ತು ತಪ್ಪಿನ ನಡುವಿನ ಅಂತರ ಬಹಳ ಕಿರಿದು. ಕ್ಲಿಕ್ಕುಗಳು ದೂರ ದೂರ ಇರುವ ಅಗ್ಗದ ಗ್ರೈಂಡರಿನಲ್ಲಿ ಒಂದು ಕ್ಲಿಕ್ಕಿಗೆ ಶಾಟು ಓಡುತ್ತದೆ, ಮುಂದಿನದಕ್ಕೆ ಕಟ್ಟಿಕೊಳ್ಳುತ್ತದೆ, ನಮಗೆ ಬೇಕಾದ್ದು ಎರಡರ ಮಧ್ಯೆ ಎಲ್ಲೋ ಸಿಗದೆ ಉಳಿಯುತ್ತದೆ. ಕೆ6ನಲ್ಲಿ ಒಂದು ಕ್ಲಿಕ್ ತಿರುಗಿಸಿದರೆ ನಮ್ಮ ಯಂತ್ರದಲ್ಲಿ ಎರಡು ಮೂರು ಸೆಕೆಂಡು ವ್ಯತ್ಯಾಸ ಬರುತ್ತದೆ. ಹಿಡಿತ ಅಂದರೆ ಇದು.

ನಾನು ಹೊಂದಿಸಿದ ಬಗೆ ಹೀಗೆ. ಪುಡಿ 15 ಗ್ರಾಂ, ಲೋಟಕ್ಕೆ ಬೀಳುವ ಕಾಫಿ 30 ಗ್ರಾಂ, ಇವೆರಡನ್ನೂ ಕದಲಿಸುವುದಿಲ್ಲ. ಲೋಟವನ್ನು ಸಣ್ಣ ತಕ್ಕಡಿಯ ಮೇಲಿಟ್ಟೇ ಶಾಟ್ ತೆಗೆಯುವುದು, ಫೋನಿನಲ್ಲಿ ಸೆಕೆಂಡು ಎಣಿಸುವುದು. ಗುರಿ 25ರಿಂದ 30 ಸೆಕೆಂಡು. ಬೇಗ ಬಂತು, ಹುಳಿಯಾಯಿತು ಅಂದರೆ ಎರಡು ಕ್ಲಿಕ್ ನುಣ್ಣಗೆ. ತೊಟ್ಟು ತೊಟ್ಟಾಗಿ 45 ಸೆಕೆಂಡಿಗೆ ಬಂತು, ಕಹಿಯ ಜೊತೆ ಅಡಿಕೆ ಜಗಿದಂಥ ಒಗರು ಬಂತು ಅಂದರೆ ಎರಡು ಕ್ಲಿಕ್ ತರಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಪುಡಿಯ ತೂಕವನ್ನೂ ನುಣುಪನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ. ನನಗೆ ಒಳ್ಳೆಯ ಶಾಟು ಸಿಕ್ಕಿದ್ದು 40ನೇ ಕ್ಲಿಕ್ಕಿನ ಆಸುಪಾಸು. ಮೊದಲ ಏಳೆಂಟು ಸೆಕೆಂಡು ಏನೂ ಬರಲಿಲ್ಲ, ಆಮೇಲೆ ಕಡುಕಂದು ಹನಿ, ಹನಿ ಸೇರಿ ಎಳೆ, ಎಳೆ ಸಣ್ಣಗೆ ನಡುಗುತ್ತಾ ಕಂದಿನಿಂದ ಹೊಂಬಣ್ಣಕ್ಕೆ ತಿರುಗಿತು. ಹುಳಿ ಇತ್ತು, ಆದರೆ ಹಣ್ಣಿನ ಹುಳಿ. ಹಿಂದೆಯೇ ಬೆಲ್ಲದ ಸಿಹಿ. ಅದೇ ಬೀಜ, ಅದೇ ಯಂತ್ರ.

ಸೆಕೆಂಡು ಸರಿಯಿದ್ದೂ ಹುಳಿ, ಕಹಿ ಎರಡೂ ಒಟ್ಟಿಗೆ ಬಂದರೆ ನೀರು ಪುಡಿಯ ಒಂದು ಕಡೆ ಕಿಂಡಿ ಕೊರೆದುಕೊಂಡು ಓಡಿದೆ ಎಂದರ್ಥ. ಗ್ರೈಂಡರ್ ಎಷ್ಟೇ ಒಳ್ಳೆಯದಿರಲಿ, ಬಾಸ್ಕೆಟ್ಟಿನಲ್ಲಿ ಪುಡಿ ಗಂಟು ಗಂಟಾಗಿದ್ದರೆ ಹೀಗಾಗುತ್ತದೆ. ತೆಳು ಸೂಜಿಯಿಂದ ತಳದವರೆಗೆ ಕೆದಕಿ ಗಂಟು ಒಡೆದು, ಸಮ ಮಾಡಿ, ಪುಡಿ ಅದುಮುವ ಟ್ಯಾಂಪರನ್ನು ನೆಟ್ಟಗೆ ಒತ್ತಿ. ಯಂತ್ರದ ಜೊತೆ ಬರುವ ಪ್ಲಾಸ್ಟಿಕ್ ಟ್ಯಾಂಪರನ್ನು ಪಕ್ಕಕ್ಕಿಟ್ಟು ಬಾಸ್ಕೆಟ್ಟಿನ ಅಳತೆಗೆ ಸರಿಹೊಂದುವ ಲೋಹದ್ದು ತೆಗೆದುಕೊಳ್ಳಿ. ಎಷ್ಟು ಬಲ ಹಾಕಿ ಒತ್ತಿದಿರಿ ಅನ್ನುವುದು ಮುಖ್ಯವಲ್ಲ, ಓರೆಯಾಗದಿದ್ದರೆ ಸಾಕು.

ಬಿಸಿ ಕಡಿಮೆಯಾದರೂ ಹುಳಿ ಬರುತ್ತದೆ. ಸಣ್ಣ ಯಂತ್ರಗಳು ದೀಪ ಹತ್ತಿದ ಕೂಡಲೇ ತಯಾರಾದ ಹಾಗೆ ತೋರಿಸಿದರೂ ಪೋರ್ಟಾಫಿಲ್ಟರ್ ಇನ್ನೂ ತಣ್ಣಗೇ ಇರುತ್ತದೆ. ಅದನ್ನು ಸಿಕ್ಕಿಸಿ ಪುಡಿಯಿಲ್ಲದೆ ಒಂದು ಸಲ ನೀರು ಓಡಿಸಿದರೆ ಲೋಹವೂ ಕಾಯುತ್ತದೆ, ಲೋಟವೂ ಕಾಯುತ್ತದೆ. ನೀರಿನ ವಿಷಯದಲ್ಲಿ ಮುಂಬೈಯವರು ಪುಣ್ಯವಂತರು. ತಾನ್ಸಾ, ವೈತರಣಾ, ಭಾತ್ಸಾ ಕೆರೆಗಳ ನೀರು ಮೆದು, ಗಡಸುತನ ಕಡಿಮೆ. ಬರೀ ಕಾರ್ಬನ್ ಫಿಲ್ಟರಿನಲ್ಲಿ ಸೋಸಿದ ನೀರು ಸಾಕು. ಆರ್‌ಓ ನೀರಿನಲ್ಲಿ ಖನಿಜಾಂಶ ತೀರಾ ಕಡಿಮೆಯಾಗಿ ಕಾಫಿ ಸಪ್ಪೆ ಹೊಡೆಯುತ್ತದೆ. ಟ್ಯಾಂಕರು, ಬೋರ್‌ವೆಲ್ ನೀರಿನ ಸೊಸೈಟಿಯಲ್ಲಿರುವವರು ಮಾತ್ರ ಯಂತ್ರದೊಳಗೆ ಉಪ್ಪಿನ ಪೊರೆ ಕಟ್ಟದಂತೆ ಆಗಾಗ ಡಿಸ್ಕೇಲ್ ಮಾಡಲೇಬೇಕು.

ಬೀಜದ ಬಗ್ಗೆ ನನಗೆ ಅಭಿಮಾನದಿಂದ ಹೇಳಬೇಕೆನಿಸುತ್ತದೆ. ನಮ್ಮ ದೇಶದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವುದು ಇಟಲಿ, ಎಸ್ಪ್ರೆಸೊ ಹುಟ್ಟಿದ ನಾಡು. ಕೊಡಗಿನ ರೊಬಸ್ಟಾ, ಚಿಕ್ಕಮಗಳೂರಿನ ಅರೇಬಿಕಾ ನಮಗೆ ಒಂದು ಪಾರ್ಸೆಲ್ ದೂರದಲ್ಲಿವೆ. ಹೊಸಬರು ಮಾನ್ಸೂನ್ಡ್ ಮಲಬಾರಿನಿಂದ ಶುರುಮಾಡಲಿ ಅನ್ನುತ್ತೇನೆ. ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ತೇವದ ಗಾಳಿಗೆ ಬೀಜವನ್ನು ಹರಡಿ ಉಬ್ಬಿಸಿ ಮಾಡುವ ಈ ಕಾಫಿಯಲ್ಲಿ ಹುಳಿ ಸಹಜವಾಗಿಯೇ ಕಡಿಮೆ, ಬಾಯಿಗೆ ದಪ್ಪ. ಹುರಿದ ತಾರೀಕು ಬರೆದ ಪೊಟ್ಟಣವನ್ನೇ ಕೊಳ್ಳಿ. ಹುರಿದು ವಾರ ಹತ್ತು ದಿನ ಆಗಿರಲಿ, ತಿಂಗಳು ಮೀರದಿರಲಿ. ತೀರಾ ತಿಳಿ ಹುರಿದದ್ದು ಸಣ್ಣ ಯಂತ್ರದಲ್ಲಿ ಸುಲಭಕ್ಕೆ ಬಗ್ಗುವುದಿಲ್ಲ. ಮಧ್ಯಮ ಅಥವಾ ಅದಕ್ಕಿಂತ ಒಂದು ಪಾಲು ಕಡು ಇರಲಿ.

ಇನ್ನು ಕೆ6ನ ತೊಂದರೆಗಳು. ತಿಳಿ ಹುರಿದ ಬೀಜವನ್ನು ಎಸ್ಪ್ರೆಸೊ ನುಣುಪಿಗೆ ಬೀಸುವಾಗ ಕೈ ನೋಯುತ್ತದೆ, ಮಲಬಾರಿನಂಥ ಮೆತ್ತನೆಯ ಬೀಜಕ್ಕೆ ಒಂದು ನಿಮಿಷ ಸಾಕು. ನಾಲ್ಕು ಜನ ನೆಂಟರು ಬಂದರೆ ನಾಲ್ಕು ಸಲ ಬೀಸಬೇಕು, ಇದು ನಿಜವಾದ ಕಷ್ಟ. ಮಣಿಕಟ್ಟು ನೋವಿರುವವರು, ದಿನಕ್ಕೆ ಏಳೆಂಟು ಲೋಟ ಮಾಡುವ ಮನೆಯವರು ಕರೆಂಟಿನ ಗ್ರೈಂಡರೇ ಕೊಳ್ಳಲಿ. ಉಂಗುರದ ಮೇಲಿನ ಅಂಕಿಯೂ ಎಲ್ಲರಿಗೂ ಒಂದೇ ಅಲ್ಲ. ಬರ್ ಒಂದಕ್ಕೊಂದು ತಾಗುವ ಜಾಗ ಒಂದೊಂದು ಗ್ರೈಂಡರಿನಲ್ಲಿ ಒಂದೊಂದು ಕಡೆ ಇರಬಹುದು, ಆದ್ದರಿಂದ ನನ್ನ 40 ನಿಮ್ಮಲ್ಲಿ 35 ಆದೀತು, 48 ಆದೀತು. ಬೆಲೆಯೂ ಕಡಿಮೆಯಲ್ಲ, ನಮ್ಮ ಯಂತ್ರದ ಬೆಲೆಯ ಸುಮಾರು ಅರ್ಧ. ಆದರೂ ಅದೇ ದುಡ್ಡು ಹಾಕಿ ಇನ್ನೂ ದೊಡ್ಡ ಯಂತ್ರ ಕೊಂಡು ಅಂಗಡಿ ಪುಡಿ ಹಾಕುವುದಕ್ಕಿಂತ ಇದು ಸಾವಿರ ಪಾಲು ಮೇಲು. ಇನ್ನೊಂದು ಗುಣ ಬಿಟ್ಟಿದ್ದೆ: ಸದ್ದಿಲ್ಲ. ಬೆಳಿಗ್ಗೆ ಐದೂವರೆಗೆ ಬೀಸಿದರೂ ಒಳಕೋಣೆಯಲ್ಲಿ ಮಲಗಿದ ಮಗುವಿಗೆ ಎಚ್ಚರವಾಗುವುದಿಲ್ಲ.

ಕೊಳ್ಳುವವರಿಗೆ ಕೆಲವು ಮಾತು. ಬರನ್ನು ನೀರಿನಲ್ಲಿ ತೊಳೆಯಬೇಡಿ, ಬ್ರಶ್ಶಿನಲ್ಲಿ ಮಾತ್ರ ಒರೆಸಿ. ಜೂನ್ ಬಂದ ಮೇಲೆ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿಡಿ, ನಿನ್ನೆಯ ಕ್ಲಿಕ್ ಇವತ್ತು ನಡೆಯದಿದ್ದರೆ ಗಾಬರಿಯಾಗಬೇಡಿ, ಒಂದೆರಡು ಕ್ಲಿಕ್ಕಿನ ಮಾತು. ಮೊದಲ ಸಲ 250 ಗ್ರಾಮಿನ ಒಂದೇ ಬೀಜದ ಎರಡು ಪೊಟ್ಟಣ ತರಿಸಿ, ಏಕೆಂದರೆ ಮೊದಲನೆಯದರಲ್ಲಿ ಒಳ್ಳೆಯ ಪಾಲು ಹೊಂದಿಸುವುದಕ್ಕೇ ಹೋಗುತ್ತದೆ, ಬೀಜ ಬದಲಾದರೆ ಲೆಕ್ಕವೆಲ್ಲ ಮತ್ತೆ ಮೊದಲಿನಿಂದ.