ಸೀಜ್ ಆದ ರೋಟರಿ ಎಂಜಿನ್: ಬಿಚ್ಚುವ ಮೊದಲು ಕಾರಣ ಹುಡುಕುವ ಮೆಲ್ಬರ್ನ್‌ನ ಒಂದು ವರ್ಕ್‌ಶಾಪ್

ಮೆಲ್ಬರ್ನ್ ನಗರದ ಉತ್ತರ ಭಾಗದ ಕೈಗಾರಿಕಾ ಪ್ರದೇಶದಲ್ಲಿ ರೋಟರಿ ಎಂಜಿನ್‌ಗಳನ್ನು ಮಾತ್ರ ಬಿಚ್ಚಿ ಕಟ್ಟುವ ಸಣ್ಣ ವರ್ಕ್‌ಶಾಪ್ ಒಂದಿದೆ. ನನ್ನ 1987ರ ಮಜ್ದಾ ಆರ್‌ಎಕ್ಸ್-7 ಕಾರನ್ನು ಹೋದ ಚಳಿಗಾಲದಲ್ಲಿ ಟ್ರೈಲರ್ ಮೇಲೆ ಹೇರಿಕೊಂಡು ಅಲ್ಲಿಗೆ ಒಯ್ದಿದ್ದೆ. ನಾಲ್ಕು ವರ್ಷ ಶೆಡ್ಡಿನಲ್ಲಿ ನಿಂತೇ ಇದ್ದ ಆ ಕಾರಿನ ಎಂಜಿನ್ ಸೀಜ್ ಆಗಿತ್ತು, ಎಂದರೆ ಒಳಗೆ ಹಿಡಿದುಕೊಂಡು ತಿರುಗದಂತಾಗಿತ್ತು. ಕೀಲಿ ತಿರುಗಿಸಿದರೆ ಸ್ಟಾರ್ಟರಿನಿಂದ ಟಕ್ ಎಂಬ ಒಂದು ಸದ್ದು ಬರುತ್ತಿತ್ತು, ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗುತ್ತಿದ್ದವು, ಅದಕ್ಕಿಂತ ಹೆಚ್ಚಿನದೇನೂ ಆಗುತ್ತಿರಲಿಲ್ಲ. ಮೊದಲು ತೋರಿಸಿದ ಸಾಮಾನ್ಯ ಗ್ಯಾರೇಜಿನವರು ಹತ್ತು ನಿಮಿಷ ನೋಡಿ, ಎಂಜಿನ್ ಮುಗಿದಿದೆ, ಬೇರೆ ಎಂಜಿನ್ ಕೂರಿಸಬೇಕು ಎಂದುಬಿಟ್ಟರು. ಯಾವ ಭಾಗ ಹಿಡಿದಿದೆ, ಏಕೆ ಹಿಡಿದಿದೆ ಎಂಬ ನನ್ನ ಪ್ರಶ್ನೆಗಳಿಗೆ ಅವರಲ್ಲಿ ಉತ್ತರವಿರಲಿಲ್ಲ. ಆ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ್ದು ಈ ವರ್ಕ್‌ಶಾಪಿನಲ್ಲಿ, ಆದ್ದರಿಂದಲೇ ಈ ವಿಮರ್ಶೆಯನ್ನು ವಿವರವಾಗಿ ಬರೆಯುತ್ತಿದ್ದೇನೆ.

ರೋಟರಿ ಎಂಜಿನ್ನನ್ನು ಕಾಣದವರಿಗೆ ಅದರ ಒಳಗನ್ನು ಸ್ವಲ್ಪ ಹೇಳಬೇಕು. ಇದರಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. ಒರಳುಕಲ್ಲಿನ ಗುಳಿಯೊಳಗೆ ಗುಂಡುಕಲ್ಲು ತಾನೂ ತಿರುಗುತ್ತ, ಗೋಡೆಯ ಸುತ್ತಲೂ ಸಾಗುತ್ತ ರುಬ್ಬುವ ಹಾಗೆ, ಉಬ್ಬಿದ ಬದಿಗಳುಳ್ಳ ತ್ರಿಕೋನಾಕಾರದ ರೋಟರ್ ಒಂದು ಹೌಸಿಂಗಿನೊಳಗೆ, ಎಂದರೆ ಹೊರಕವಚದೊಳಗೆ, ಸುತ್ತುತ್ತದೆ. ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ನಡುವಿನ ಎಸೆಂಟ್ರಿಕ್ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ನನ್ನ ಕಾರಿನ 13ಬಿ ಎಂಜಿನ್ನಿನಲ್ಲಿ ತಲಾ 654 ಸಿಸಿಯ ಎರಡು ರೋಟರ್‌ಗಳಿವೆ. ಒತ್ತಡ ಸೋರದಂತೆ ತಡೆಯಲು ಪ್ರತಿ ರೋಟರಿನ ಮೂರು ತುದಿಗಳಲ್ಲಿ ಮೂರು ಎಪೆಕ್ಸ್ ಸೀಲ್, ಎರಡು ಪಕ್ಕಗಳಲ್ಲಿ ಸೇರಿ ಆರು ಸೈಡ್ ಸೀಲ್ ಮತ್ತು ಮೂಲೆಗಳಲ್ಲಿ ಆರು ಕಾರ್ನರ್ ಸೀಲ್ ಇರುತ್ತವೆ. ಎಪೆಕ್ಸ್ ಸೀಲ್ ಉಜ್ಜುವ ಹೌಸಿಂಗಿನ ಒಳಮೈಗೆ ಕ್ರೋಮ್ ಲೇಪವಿದೆ, ಸೈಡ್ ಸೀಲ್ ಉಜ್ಜುವ ಪಕ್ಕದ ಗೋಡೆಗಳು ಬೀಡು ಕಬ್ಬಿಣದವು. ಬೀಡು ಕಬ್ಬಿಣಕ್ಕೆ ನೀರು ತಾಗಿದರೆ ಏನಾಗುತ್ತದೆ ಎಂಬುದನ್ನು ಮಳೆಗಾಲದಲ್ಲಿ ಹೊರಗೆ ಬಿಟ್ಟ ದೋಸೆ ಕಾವಲಿಯನ್ನು ನೋಡಿದ ಯಾರಾದರೂ ಬಲ್ಲರು. ನನ್ನ ಎಂಜಿನ್ನಿಗೆ ಆಗಿದ್ದೂ ಅದೇ, ಆದರೆ ಅದನ್ನು ಬಿಚ್ಚದೆ ಸಾಧಿಸಿ ತೋರಿಸುವುದು ಸುಲಭದ ಕೆಲಸವಲ್ಲ.

ಈ ಎಂಜಿನ್ನಿನ ತಜ್ಞರು ಆಸ್ಟ್ರೇಲಿಯಾದಲ್ಲಿ ಈಗಲೂ ಸಿಗುವುದಕ್ಕೆ ಹಿನ್ನೆಲೆಯಿದೆ. ಮಜ್ದಾ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಮೂಲಕ ರೋಟರಿಯನ್ನು ರಸ್ತೆಗಿಳಿಸಿತು, 1978ರಲ್ಲಿ ಆರ್‌ಎಕ್ಸ್-7 ಬಂತು. ರೇಸ್ ಚಾಲಕ ಅಲನ್ ಮೊಫಟ್ 1983ರ ಆಸ್ಟ್ರೇಲಿಯನ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ ಗೆದ್ದದ್ದು ಆರ್‌ಎಕ್ಸ್-7ರಲ್ಲೇ. 2012ರಲ್ಲಿ ಆರ್‌ಎಕ್ಸ್-8 ತಯಾರಿಕೆ ನಿಂತ ಮೇಲೆ ಸಾಮಾನ್ಯ ಗ್ಯಾರೇಜುಗಳಿಗೆ ಈ ಎಂಜಿನ್ನಿನ ಪರಿಚಯ ಕಡಿಮೆಯಾಗುತ್ತ ಬಂದಿದೆ. ಮೊದಲ ಗ್ಯಾರೇಜಿನವರು ಮಾಡಿದ ತಪ್ಪನ್ನು ಆ ಅಪರಿಚಯಕ್ಕೇ ಬಿಡುತ್ತೇನೆ.

ತಪ್ಪು ಏನೆಂದರೆ, ಅವರು ಮುಂದಿನ ಪುಲ್ಲಿಯ 19 ಮಿ.ಮೀ. ಬೋಲ್ಟಿಗೆ ಉದ್ದನೆಯ ಬಾರ್ ಹಾಕಿ ಎರಡೂ ದಿಕ್ಕಿಗೆ ಜಗ್ಗಿದ್ದರು. ಎಡಕ್ಕೆ ಜಗ್ಗಿದರೆ ಆ ಬೋಲ್ಟೇ ಸಡಿಲವಾಗುವ ಸಂಭವವಿದೆ. ಅದು ಸಡಿಲವಾಗಿದ್ದಾಗ ಯಾರಾದರೂ ಕ್ಲಚ್ ಒತ್ತಿದರೆ ಶಾಫ್ಟ್ ಮುಂದಕ್ಕೆ ಸರಿದು, ಶಾಫ್ಟಿನ ಹಿಂದುಮುಂದಿನ ಒತ್ತಡ ತಾಳುವ ಒಳಗಿನ ಸೂಜಿ ಥ್ರಸ್ಟ್ ಬೇರಿಂಗ್ ತನ್ನ ಜಾಗದಿಂದ ಜಾರಬಹುದು, ಮತ್ತೆ ಬೋಲ್ಟ್ ಬಿಗಿದಾಗ ಅದು ನಡುವೆ ಸಿಕ್ಕಿ ಜಜ್ಜಿಹೋಗಬಹುದು. ಈ ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್ ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ, ಇದಕ್ಕೂ ಮೊದಲು ಯಾರಾದರೂ ಪುಲ್ಲಿ ಬೋಲ್ಟಿಗೆ ಕೈ ಹಾಕಿದ್ದರೇ ಎಂಬುದು. ಹೌದೆಂದ ಕೂಡಲೇ ಬೋಲ್ಟಿನ ಬಿಗಿ ಪರೀಕ್ಷಿಸಿದರು. ಪುಣ್ಯಕ್ಕೆ ಅದು ಅಲ್ಲಾಡಿರಲಿಲ್ಲ. ಎರಡನೆಯ ಪ್ರಶ್ನೆ, ನಿಲ್ಲಿಸುವ ಮುಂಚಿನ ತಿಂಗಳುಗಳಲ್ಲಿ ಕೂಲಂಟ್, ಎಂದರೆ ಎಂಜಿನ್ ತಂಪಾಗಿಸುವ ದ್ರವ, ಕಡಿಮೆಯಾಗುತ್ತಿತ್ತೇ ಎಂಬುದು. ಕಡಿಮೆಯಾಗುತ್ತಿತ್ತು, ನಾನು ಮೇಲಿಂದ ಮೇಲೆ ತುಂಬಿಸುತ್ತಿದ್ದೆ. ಅವರು ಅದನ್ನು ಕಾರ್ಡಿನಲ್ಲಿ ಬರೆದುಕೊಂಡರು.

ಎಂಜಿನ್ ಸೀಜ್ ಆಗಿದೆ ಎಂದು ಒಪ್ಪಿಕೊಳ್ಳುವ ಮೊದಲು ಅವರು ಎಂಜಿನ್ನಿನ ಹೊರಗಿನ ಅನುಮಾನಗಳನ್ನು ಒಂದೊಂದಾಗಿ ತೆಗೆದುಹಾಕಿದ ಕ್ರಮ ನನಗೆ ಬಹಳ ಹಿಡಿಸಿತು. ಎಲ್ಲ ಬೆಲ್ಟುಗಳನ್ನು ಕಳಚಿ ಆಲ್ಟರ್ನೇಟರ್, ವಾಟರ್ ಪಂಪ್, ಎ.ಸಿ. ಕಂಪ್ರೆಸರ್‌ಗಳನ್ನು ಕೈಯಲ್ಲೇ ತಿರುಗಿಸಿ ನೋಡಿದರು. ಗೇರನ್ನು ನ್ಯೂಟ್ರಲ್‌ಗೆ ತಂದು ಗೇರ್‌ಬಾಕ್ಸ್ ಹಿಡಿದಿಲ್ಲವೆಂದು ಖಚಿತಪಡಿಸಿಕೊಂಡರು. ಸ್ಟಾರ್ಟರ್ ಮೋಟಾರನ್ನು ಬಿಚ್ಚಿ ಮೇಜಿನ ಮೇಲೆ ಬ್ಯಾಟರಿ ಕೊಟ್ಟು ಓಡಿಸಿದರು, ಅದು ಸಲೀಸಾಗಿ ಓಡಿತು. ಬಳಿಕ ಸ್ಟಾರ್ಟರ್ ಬಿಚ್ಚಿದ ಕಿಂಡಿಯ ಮೂಲಕ ಫ್ಲೈವೀಲಿನ ಹಲ್ಲುಗಳಿಗೆ ಚಿಕ್ಕ ಮೀಟುಗೋಲು ಕೊಟ್ಟು, ಬಲ ಹಾಕದೆ ಎರಡೂ ಕಡೆಗೆ ಒತ್ತಿ ನೋಡಿದರು. ಗಟ್ಟಿಯಾದ ಮಸಿಯ ಚೂರು ಸಿಕ್ಕಿಹಾಕಿಕೊಂಡ ಎಂಜಿನ್ ಸಾಮಾನ್ಯವಾಗಿ ಒಂದು ದಿಕ್ಕಿಗೆ ಸ್ವಲ್ಪ ಸರಿದು, ಅದೇ ಜಾಗಕ್ಕೆ ಬಂದು ಗಟ್ಟಿಯಾಗಿ ನಿಲ್ಲುತ್ತದೆಂದೂ, ತುಕ್ಕು ಹಿಡಿದದ್ದು ಯಾವ ದಿಕ್ಕಿಗೂ ಮಿಸುಕುವುದಿಲ್ಲವೆಂದೂ ಅವರು ವಿವರಿಸಿದರು. ನನ್ನದು ಮಿಸುಕಲಿಲ್ಲ.

ಆಮೇಲೆ ಇಂಧನಕ್ಕೆ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದರು. ಪ್ರತಿ ರೋಟರಿಗೆ ಕೆಳಗೊಂದು ಲೀಡಿಂಗ್, ಮೇಲೊಂದು ಟ್ರೇಲಿಂಗ್ ಎಂದು ಎರಡು ಪ್ಲಗ್‌ಗಳಿರುತ್ತವೆ. ನಾಲ್ಕನ್ನೂ ಬಿಳಿ ಬಟ್ಟೆಯ ಮೇಲೆ, ಬಂದ ಜಾಗದ ಕ್ರಮದಲ್ಲೇ ಸಾಲಾಗಿ ಇಟ್ಟು ನನ್ನನ್ನು ಕರೆದರು. ಮುಂದಿನ ರೋಟರಿನ ಎರಡು ಪ್ಲಗ್‌ಗಳು ಕಪ್ಪಗೆ, ಎಣ್ಣೆಯ ಪಸೆಯಿಂದ ಕೂಡಿದ್ದವು. ಹಿಂದಿನ ರೋಟರಿನ ಲೀಡಿಂಗ್ ಪ್ಲಗ್ಗಿನ ಎಳೆಗಳಲ್ಲಿ ಇಟ್ಟಿಗೆ ಬಣ್ಣದ ಕೆಸರು ಮೆತ್ತಿಕೊಂಡಿತ್ತು, ಬಟ್ಟೆಗೆ ತಾಗಿದ ಕಡೆ ಕಂದು ಕಲೆ ನಿಧಾನವಾಗಿ ಹರಡುತ್ತಿತ್ತು, ಮೂಗಿನ ಹತ್ತಿರ ತಂದರೆ ಕೂಲಂಟಿನ ಸಿಹಿ ವಾಸನೆ ಸ್ಪಷ್ಟವಾಗಿ ಬರುತ್ತಿತ್ತು. ಟ್ರೇಲಿಂಗ್ ಪ್ಲಗ್ಗಿನ ರಂಧ್ರ ಒಳಗಡೆ ತೀರಾ ಕಿರಿದಾದ್ದರಿಂದ ಲೀಡಿಂಗ್ ರಂಧ್ರದಿಂದಲೇ ಬೋರೋಸ್ಕೋಪ್ ಎಂಬ ತೆಳ್ಳನೆಯ ಕ್ಯಾಮೆರಾ ಇಳಿಸಿದರು. ಪರದೆಯ ಮೇಲೆ ಮುಂದಿನ ರೋಟರ್ ಮಸಿ ಹಿಡಿದು ಕಪ್ಪಾಗಿ ಕಂಡರೆ, ಹಿಂದಿನದರ ಮೈಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳಿದ್ದವು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಿ ಪೋರ್ಟಿನಿಂದಲೂ ನೋಡಿದರು. ಆಚೆ ಕಾಣಸಿಕ್ಕ ಎಪೆಕ್ಸ್ ಸೀಲನ್ನು ಬಿದಿರುಕಡ್ಡಿಯಿಂದ ಮೆಲ್ಲಗೆ ಒತ್ತಿದಾಗ ಅದು ಸ್ಪ್ರಿಂಗಿನ ಮೇಲೆ ಒಳಕ್ಕೆ ಹೋಗಿ ಹೊರಕ್ಕೆ ಬಂತು. ಎಂದರೆ ಆ ಸೀಲಾದರೂ ಜೀವಂತವಾಗಿತ್ತು.

ಇಲ್ಲಿಗೇ ಎಂಜಿನ್ ಇಳಿಸಿ ಬಿಚ್ಚೋಣ ಎನ್ನಬಹುದಿತ್ತು. ಅವರು ಹಾಗೆನ್ನಲಿಲ್ಲ. ತುಕ್ಕು ಹಿಡಿದಿರುವಾಗ ಬಲವಂತವಾಗಿ ತಿರುಗಿಸಿದರೆ ಸೀಲ್ ಮುರಿದು ಚೂರು ಕ್ರೋಮ್ ಮೈಯನ್ನು ಗೀರುತ್ತದೆ, ಒಳ್ಳೆಯ ಹೌಸಿಂಗ್ ಹಾಳಾಗುತ್ತದೆ, ಹಳೆಯ ಎಂಜಿನ್ನುಗಳ ವಿಷಯದಲ್ಲಿ ಹೌಸಿಂಗೇ ದುಬಾರಿ ಭಾಗ, ಆದ್ದರಿಂದ ಮೊದಲು ನೆನೆಸಿ ನೋಡೋಣ ಎಂದರು. ದಿನಾ ಬೆಳಿಗ್ಗೆ ಸಿರಿಂಜಿನಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನು ಪ್ಲಗ್ ರಂಧ್ರಗಳಿಂದ ಬಿಟ್ಟು, ಸಂಜೆ ಫ್ಲೈವೀಲನ್ನು ಮೆಲ್ಲಗೆ ಅತ್ತಿತ್ತ ಒತ್ತುವುದು. ಐದು ದಿನ ಏನೂ ಆಗಲಿಲ್ಲ. ಆರನೆಯ ದಿನ ಎರಡು ಹಲ್ಲಿನಷ್ಟು ಸರಿಯಿತು, ಏಳನೆಯ ದಿನ ಪೂರ್ತಿ ತಿರುಗಿತು. ಅದು ತಿರುಗಿದ ವಿಡಿಯೊ ನೋಡಿದಾಗ ನನಗೆ ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಡುವುದಿಲ್ಲ.

ಆದರೆ ಎಂಜಿನ್ ಬಿಟ್ಟುಕೊಂಡ ಮಾತ್ರಕ್ಕೆ ಆರೋಗ್ಯವಾಗಿದೆ ಎಂದರ್ಥವಲ್ಲ, ಮತ್ತು ಈ ಮಾತನ್ನು ನನಗೆ ಮೊದಲು ಹೇಳಿದವರೂ ಅವರೇ. ಇಂಧನ ಮತ್ತು ಇಗ್ನಿಷನ್ ತಪ್ಪಿಸಿ, ಸ್ಟಾರ್ಟರಿನಿಂದ ತಿರುಗಿಸಿ ಒಳಗಿನ ಎಣ್ಣೆಯನ್ನೆಲ್ಲ ಹೊರಹಾಕಿದ ಬಳಿಕ ರೋಟರಿಗೆಂದೇ ಮಾಡಿದ ಮೀಟರಿನಲ್ಲಿ ಕಂಪ್ರೆಶನ್, ಎಂದರೆ ಒಳಗೆ ಗಾಳಿ ಅದುಮಿದಾಗ ಏಳುವ ಒತ್ತಡ, ಅಳೆದರು. ಪಿಸ್ಟನ್ ಎಂಜಿನ್ನಿನ ಸಾಧಾರಣ ಗೇಜ್ ರೋಟರಿನ ಮೂರು ಮುಖಗಳಲ್ಲಿ ಅತಿ ಹೆಚ್ಚು ಒತ್ತಡವಿರುವುದನ್ನು ಮಾತ್ರ ತೋರಿಸುತ್ತದೆ, ಹಾಳಾದ ಮುಖ ಅದರಲ್ಲಿ ಅಡಗಿಹೋಗುತ್ತದೆ. ಈ ಮೀಟರ್ ಮೂರು ಮುಖಗಳನ್ನೂ ಬೇರೆಬೇರೆಯಾಗಿ ಅಳೆದು 250 ಆರ್‌ಪಿಎಂ ವೇಗಕ್ಕೆ ಸರಿಹೊಂದಿಸಿ ಹೇಳುತ್ತದೆ. ಚದರ ಸೆಂಟಿಮೀಟರಿಗೆ 6 ಕಿಲೊ ಕನಿಷ್ಠ ಮಿತಿ. ಮುಂದಿನ ರೋಟರಿನ ಮೂರೂ ಮುಖಗಳು 6.7ರ ಆಸುಪಾಸಿನಲ್ಲಿದ್ದವು. ಹಿಂದಿನದರಲ್ಲಿ ಎರಡು ಮುಖಗಳು 6ಕ್ಕಿಂತ ತುಸು ಮೇಲಿದ್ದವು, ಮೂರನೆಯದು 3.1. ಈ ಮೂರು ಅಂಕಿಗಳನ್ನು ಅವರು ಓದಿದ ರೀತಿಯೇ ನಾನು ಕೊಟ್ಟ ಹಣಕ್ಕೆ ಸಿಕ್ಕ ಪ್ರತಿಫಲ ಎನ್ನುತ್ತೇನೆ. ಎಪೆಕ್ಸ್ ಸೀಲ್ ಎರಡು ಮುಖಗಳ ನಡುವಿನ ಗಡಿ, ಅದು ಕೆಟ್ಟರೆ ಅಕ್ಕಪಕ್ಕದ ಎರಡೂ ಮುಖಗಳ ಒತ್ತಡ ಇಳಿಯಬೇಕು. ಒಂದೇ ಮುಖ ಇಳಿದಿರುವುದರಿಂದ ಅನುಮಾನ ಸೈಡ್ ಸೀಲಿನ ಮೇಲೆ ಬೀಳುತ್ತದೆ. ಕೊನೆಗೆ ರೇಡಿಯೇಟರಿಗೆ ಕೈಪಂಪಿನಿಂದ ಒತ್ತಡ ಕೊಟ್ಟು ನಿಲ್ಲಿಸಿದರು. ಅರ್ಧ ಗಂಟೆಯಲ್ಲಿ ಮುಳ್ಳು ಇಳಿಯಿತು, ಹೊರಗೆಲ್ಲೂ ಸೋರಿಕೆಯಿಲ್ಲ, ಹಿಂದಿನ ಪ್ಲಗ್ ರಂಧ್ರದಲ್ಲಿ ಕ್ಯಾಮೆರಾ ಇಳಿಸಿದರೆ ಗೋಡೆಯ ಮೇಲೆ ಹಸಿರು ಹನಿಗಳು.

ಅವರು ಬರೆದುಕೊಟ್ಟ ವರದಿ ಎರಡು ಪುಟದ್ದು. ಹಿಂದಿನ ಹೌಸಿಂಗಿನ ಕೂಲಂಟ್ ಸೀಲ್ ಸೋತು ನೀರು ಒಳಸೇರಿದೆ, ನಿಂತಿದ್ದ ಕಾಲದಲ್ಲಿ ಸೈಡ್ ಸೀಲ್ ಕಬ್ಬಿಣದ ಗೋಡೆಗೆ ತುಕ್ಕಿನಿಂದ ಅಂಟಿದೆ, ಎಂಜಿನ್ ತೆರೆಯಲೇಬೇಕು, ಆದರೆ ಮುಂದಿನ ರೋಟರ್ ಮತ್ತು ಎರಡೂ ರೋಟರ್ ಹೌಸಿಂಗುಗಳು ಉಳಿಯುವ ಸಾಧ್ಯತೆ ಹೆಚ್ಚು ಎಂದಿತ್ತು. ಮುಂದಿನ ತಿಂಗಳು ಎಂಜಿನ್ ತೆರೆದಾಗ ನಾನೂ ಅಲ್ಲಿದ್ದೆ. ಹಿಂದಿನ ರೋಟರಿನ ಒಂದು ಸೈಡ್ ಸೀಲ್ ತನ್ನ ತೋಡಿನಲ್ಲೇ ತುಕ್ಕಿನಿಂದ ಕೂತುಹೋಗಿತ್ತು, ಉಗುರಿನಿಂದ ಒತ್ತಿದರೂ ಅಲುಗಲಿಲ್ಲ. ಅದರೆದುರು ಕಬ್ಬಿಣದ ಗೋಡೆಯ ಮೇಲೆ ಅದೇ ಬಾಗಿನ ಕಂದು ಗೆರೆ ಅಚ್ಚೊತ್ತಿದಂತಿತ್ತು. ಹೌಸಿಂಗುಗಳ ಕ್ರೋಮ್ ಮೇಲೆ ಆಳವಾದ ಗೀರು ಒಂದೂ ಇರಲಿಲ್ಲ.

ಕೊರತೆಗಳೂ ಇವೆ. ನೆನೆಸಿಟ್ಟ ವಾರದಲ್ಲಿ ಅವರಾಗಿ ಒಮ್ಮೆಯೂ ಫೋನ್ ಮಾಡಲಿಲ್ಲ, ನಾನೇ ಮೂರು ಬಾರಿ ವಿಚಾರಿಸಬೇಕಾಯಿತು. ಖರ್ಚಿನ ಅಂದಾಜನ್ನು ಬರಹದಲ್ಲಿ ಕೇಳಿದ ಮೇಲಷ್ಟೇ ಕೊಟ್ಟರು. ಪರೀಕ್ಷೆಗೆ ಒಟ್ಟು ಆರು ಗಂಟೆಯ ಕೂಲಿ ಹಿಡಿದರು, ಅದು ಅಗ್ಗವಲ್ಲ. ಎಂಜಿನ್ ಅವರಲ್ಲೇ ಕಟ್ಟಿಸಿದರೆ ಆ ಹಣದಲ್ಲಿ ಅರ್ಧವನ್ನು ಕಳೆಯುತ್ತಾರೆ, ಇದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ನಾನು 5ಕ್ಕೆ 4 ಅಂಕ ಕೊಡುತ್ತೇನೆ, ಹೋದ ಒಂದು ಅಂಕ ಪೂರ್ತಿಯಾಗಿ ಆ ಫೋನಿನದ್ದು. ಕಾರನ್ನು ಒಯ್ಯುವವರು ಟ್ರೈಲರಿಗೆ ಹೇರುವ ಮುನ್ನ ಪ್ಲಗ್‌ಗಳನ್ನು ತೆಗೆಯಬೇಡಿ, ಸ್ಟಾರ್ಟರಿನಿಂದ ಮತ್ತೆಮತ್ತೆ ಪ್ರಯತ್ನಿಸಬೇಡಿ, ಗೇರಿಗೆ ಹಾಕಿ ತಳ್ಳಲೂ ಬೇಡಿ. ಕೂಲಂಟ್ ಎಂದಿನಿಂದ ಕಡಿಮೆಯಾಗುತ್ತಿತ್ತು, ಕಾರು ಎಷ್ಟು ದಿನ ನಿಂತಿತ್ತು, ಕೊನೆಯ ಬಾರಿ ಬಿಸಿಯೇರಿದ್ದು ಯಾವಾಗ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅವರು ಕೇಳುವ ಮೊದಮೊದಲ ಪ್ರಶ್ನೆಗಳಲ್ಲಿ ಅದೂ ಇರುತ್ತದೆ.