ಬಾಂಡ್ ಪೇಪರ್ ಮೇಲೆ ಡೈವೋರ್ಸ್ ಆಗಲ್ಲ, ನಾವು ಮಾಡಿ ಕೆಟ್ಟವರು

ಹೋದ ವಾರ ಕೊಪ್ಪ ಕಡೆಯ ನೆಂಟರೊಬ್ಬರು ಫೋನ್ ಮಾಡಿದ್ದರು. ಮಳೆ, ಕೊಳೆರೋಗ, ಅಡಿಕೆ ರೇಟು ಎಲ್ಲ ಮಾತಾಡಿ ಆದಮೇಲೆ ದನಿ ತಗ್ಗಿಸಿ, "ನಿನ್ನ ತಂಗೀದು ಆವಾಗ ಒಂದು ಬಾಂಡ್ ಮಾಡಿಸಿದ್ರಲ್ಲ ಮಾರಾಯ, ಅದರ ಡ್ರಾಫ್ಟ್ ಇದ್ರೆ ವಾಟ್ಸಾಪ್ ಮಾಡು. ಇಲ್ಲೊಂದು ಮಾತಲ್ಲೇ ಮುಗಿಸೋದಿದೆ" ಅಂದರು. ಆ ಬಾಂಡ್ ನಮ್ಮ ಮನೆಯಲ್ಲಿ ಏನೆಲ್ಲ ಮಾಡಿತು ಅಂತ ಅವರಿಗೆ ಗೊತ್ತಿಲ್ಲ. ನಾವೂ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ತಂಗಿಯನ್ನು ಕೇಳಿ, ಅವಳು "ಬರಿ ಅಣ್ಣಯ್ಯ" ಅಂದ ಮೇಲೆ ಬರೆಯುತ್ತಿದ್ದೇನೆ. ಹೆಸರು, ಮನೆತನ ಕೇಳಬೇಡಿ.

ನಮ್ಮದು ತೀರ್ಥಹಳ್ಳಿ ಸೀಮೆ. ತಂಗಿಯನ್ನು 2013ರಲ್ಲಿ ಶಿವಮೊಗ್ಗಕ್ಕೆ ಕೊಟ್ಟಿದ್ದೆವು. ಯಾಕೆ ಹೊಂದಲಿಲ್ಲ ಅನ್ನುವುದು ಇಲ್ಲಿ ಬೇಡ, ಎರಡೂ ಕಡೆ ಮಾತಿದೆ. 2018ರ ಶುರುವಿಗೆ ಅವಳು ಮಗನನ್ನು ಕರೆದುಕೊಂಡು ತವರಿಗೆ ಬಂದಳು. ಒಂದು ವರ್ಷ ಹೀಗೇ ಕಳೆಯಿತು. ನನಗೋ ಕೋರ್ಟು ಅಂದರೆ ಭಯ. ಅಪ್ಪನ ಕಾಲದ ಜಮೀನಿನ ಕೇಸಿಗೆ ಹದಿನೇಳು ವರ್ಷ ವಾಯಿದೆಗೆ ಅಲೆದ ಮನೆ ನಮ್ಮದು. ಹಾಗಾಗಿ ಹಿರಿಯರನ್ನು ಕೂರಿಸಿ ಮುಗಿಸೋಣ ಅಂತ ಓಡಾಡಿದವನು ನಾನೇ. ಇನ್ನೊಬ್ಬರ ಮೇಲೆ ಹಾಕುವ ಹಾಗಿಲ್ಲ.

2019ರ ಫೆಬ್ರವರಿ. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು, ಜಗಲಿಯಲ್ಲಿ ಎರಡೂ ಕಡೆಯವರು ಕೂತಿದ್ದರು. ಕಾಫಿ ಎರಡು ಸುತ್ತು ಆಗಿತ್ತು. ಶಿವಮೊಗ್ಗದಿಂದ ಟೈಪ್ ಮಾಡಿಸಿ ತಂದಿದ್ದ ಬಾಂಡ್ ಪೇಪರ್: ಇಬ್ಬರೂ ಸ್ವಇಚ್ಛೆಯಿಂದ ವಿವಾಹ ಬಂಧನದಿಂದ ಬಿಡುಗಡೆ ಹೊಂದಿದ್ದೇವೆ, ಒಡವೆ ವಾಪಸ್, ಮುಂದೆ ಜೀವನಾಂಶ ಕೇಳತಕ್ಕದ್ದಲ್ಲ, ಮಗು ವಿದ್ಯಾಭ್ಯಾಸದ ಅನುಕೂಲಕ್ಕಾಗಿ ತಂದೆಯ ಬಳಿ ಇರತಕ್ಕದ್ದು. ಮಗನಿಗೆ ಆಗ ನಾಲ್ಕೂವರೆ ವರ್ಷ. ಜೂನ್‌ನಲ್ಲಿ ಸ್ಕೂಲಿಗೆ ಸೇರಿಸಬೇಕು, ಶಿವಮೊಗ್ಗದಲ್ಲಿ ಒಳ್ಳೆಯ ಸ್ಕೂಲು, ತಂಗಿಗೆ ಒಂದು ಕೆಲಸ ಅಂತ ಆಗುವವರೆಗೆ ಸದ್ಯಕ್ಕೆ ಅಲ್ಲಿರಲಿ ಅಂತ ಮಾತಾಗಿತ್ತು. ಜಗಲಿಯಲ್ಲಿ ಎಲ್ಲರ ಬಾಯಲ್ಲೂ "ಸದ್ಯಕ್ಕೆ". ತಂಗಿ ಪೇಪರ್ ಓದಿ ನನ್ನ ಕಡೆ ನೋಡಿದಳು. "ಅಣ್ಣಯ್ಯ, ಸದ್ಯಕ್ಕೆ ಅಂತ ಬರ್ದೇ ಇಲ್ವಲ್ಲ?" ಅಂದಳು. "ಇಷ್ಟು ಜನ ಬಾಯಲ್ಲಿ ಹೇಳಿದಾರಲ್ಲ, ಸಹಿ ಹಾಕು" ಅಂದೆ. ಹಾಕಿದಳು. ನೋಟರಿ ಸೀಲು ಬಿತ್ತು. ಕೆಂಪು ಸೀಲು ನೋಡಿ ನನಗೆ ಡಿಕ್ರಿಯೇ, ಅಂದರೆ ಕೋರ್ಟಿನ ತೀರ್ಪೇ ಸಿಕ್ಕಷ್ಟು ಸಮಾಧಾನ.

ಆ ಸೀಲಿಗೆ ಮದುವೆ ಮುರಿಯುವ ಶಕ್ತಿ ಇಲ್ಲ. ಸಹಿ ಹಾಕಿದವರು ಇವರೇ ಅಂತ ನೋಟರಿ ದೃಢೀಕರಿಸಬಹುದು, ಅಷ್ಟೇ. ಹಿಂದೂ ವಿವಾಹ ಕಾಯ್ದೆ 1955ರ ಪ್ರಕಾರ ಆದ ಮದುವೆ ಕೋರ್ಟಿನ ಡಿಕ್ರಿಯಿಂದಲೇ ಮುರಿಯಬೇಕು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಕಾನೂನು ಸಚಿವಾಲಯವೇ, ಮದುವೆ ಮತ್ತು ವಿಚ್ಛೇದನದ ಪತ್ರ ಮಾಡುವುದು ನೋಟರಿಗಳ ಕೆಲಸವಲ್ಲ ಅಂತ ಬರೆದು ತಿಳಿಸಿತು. ನಮ್ಮ ಕೆಲವು ಹಿರಿಯರು "ಹಿಂದೆ ಸೋಡಚೀಟಿ (ಮದುವೆ ಬಿಡುಗಡೆಯ ಚೀಟಿ) ಕೊಡ್ತಿರ್ಲಿಲ್ವಾ?" ಅಂತಾರೆ. ಕೆಲವು ಸಮುದಾಯಗಳ ರೂಢಿಯ ವಿಚ್ಛೇದನವನ್ನು ಕಾಯ್ದೆಯ 29ನೇ ಸೆಕ್ಷನ್ ಉಳಿಸಿರುವುದು ನಿಜ. ಆದರೆ ಅಂಥ ರೂಢಿ ಬಹುಕಾಲದಿಂದ ನಡೆದುಬಂದಿದೆ ಅಂತ ಕೋರ್ಟಿನಲ್ಲಿ ಸಾಕ್ಷಿ ಸಮೇತ ಸಾಬೀತು ಮಾಡಬೇಕು. ಜಗಲಿಯಲ್ಲಿ ಹೇಳಿದರೆ ಸಾಲದು.

ಮೊದಲ ವರ್ಷ ಮಗ ತಿಂಗಳಿಗೆರಡು ಸಲ ಬಂದು ಹೋಗುತ್ತಿದ್ದ. 2020ರಲ್ಲಿ ಲಾಕ್‌ಡೌನ್ ಬಂತು, ಬಸ್ಸಿಲ್ಲ, ಆಮೇಲೆ ಆನ್‌ಲೈನ್ ಕ್ಲಾಸು, ಆಮೇಲೆ "ಅವನಿಗೆ ಜ್ವರ", ಆಮೇಲೆ ಫೋನೇ ಎತ್ತಲಿಲ್ಲ.

ನಾನು ಎರಡನೇ ಸಲ ಎಡವಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಪೋಸ್ಟಿನವನು ತಂಗಿಯ ಹೆಸರಿಗೆ ರಿಜಿಸ್ಟರ್ಡ್ ಕವರ್ ತಂದ. ಕೋರ್ಟಿನ ನೋಟೀಸು. ಅವಳು ಮನೆಯಲ್ಲಿರಲಿಲ್ಲ, ತೀರ್ಥಹಳ್ಳಿ ಪೇಟೆಯ ಅಂಗಡಿಯೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ನಾನು, "ಎಲ್ಲ ಮುಗಿದುಹೋದ ವಿಷಯ, ತಗೊಳ್ಳಲ್ಲ ಅಂತ ಬರೆದು ಕಳಿಸು" ಅಂದೆ. ಅವನು ಗುರುತಿನವನೇ, ಹಾಗೇ ಬರೆದ. ತಂಗಿಗೆ ಸುಮ್ಮನೆ ಯಾಕೆ ಬೇಜಾರು ಅಂತ ಹೇಳಲೂ ಇಲ್ಲ. ನೋಟೀಸು ತಗೊಳ್ಳದಿದ್ದರೆ ಕೇಸು ನಿಲ್ಲುತ್ತದೆ ಅಂತ ನಮ್ಮ ಕಡೆ ಎಷ್ಟೋ ಜನ ನಂಬಿದ್ದಾರೆ. ನಿಲ್ಲಲ್ಲ. ಬೇಡ ಅಂದರೂ ತಲುಪಿದ ಹಾಗೇ ಲೆಕ್ಕ. ನೀವು ಬರದಿದ್ದರೆ ಎಕ್ಸ್‌ಪಾರ್ಟಿ ಮಾಡಿ ಅವರ ಮಾತನ್ನಷ್ಟೇ ಕೇಳಿ ತೀರ್ಪು ಬರೆಯುತ್ತಾರೆ.

ನಮಗೆ ಗೊತ್ತಾಗಿದ್ದು 2022ರ ನವೆಂಬರ್‌ನಲ್ಲಿ, ತಂಗಿಗೆ ಇನ್ನೊಂದು ಸಂಬಂಧ ನೋಡಿದಾಗ. ಗಂಡಿನ ಕಡೆಯಲ್ಲೊಬ್ಬರು ವಕೀಲರಿದ್ದರು, ಪುಣ್ಯಕ್ಕೆ. "ಡಿಕ್ರಿ ಕಾಪಿ ಕೊಡಿ" ಅಂದರು. ನಾನು ಹೆಮ್ಮೆಯಿಂದ ಬಾಂಡ್ ಪೇಪರ್ ಕೊಟ್ಟೆ. ಅವರು ಮಡಚಿ ವಾಪಸ್ ಕೊಟ್ಟು, "ಇದನ್ನು ನಂಬಿ ತಾಳಿ ಕಟ್ಟಿಸಿದ್ರೆ ಆ ಮದುವೆ ಅಸಿಂಧು, ಮೇಲೆ ನಿಮ್ಮ ತಂಗಿ ಮೇಲೇ ಕ್ರಿಮಿನಲ್ ಕೇಸು" ಅಂದರು. ಗಂಡ ಬದುಕಿರುವಾಗ, ಆ ಮದುವೆ ಮುರಿಯದೆ ಇನ್ನೊಂದು ಮದುವೆಯಾದರೆ ಏಳು ವರ್ಷದವರೆಗೆ ಸಜೆ ಇದೆ. ಆಮೇಲೆ ಅವರೇ ಶಿವಮೊಗ್ಗದ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚಾರಿಸಿದರು. ಆ ವರ್ಷದ ಜೂನ್‌ನಲ್ಲೇ ಡಿಕ್ರಿ ಆಗಿಹೋಗಿತ್ತು: ಹೆಂಡತಿ ಬಿಟ್ಟುಹೋಗಿ ಎರಡು ವರ್ಷದ ಮೇಲಾಗಿದೆ ಅನ್ನುವ ಕಾರಣಕ್ಕೆ ವಿಚ್ಛೇದನ, ಮಗನ ಕಸ್ಟಡಿ ತಂದೆಗೆ. ಬಿಟ್ಟುಹೋದದ್ದಕ್ಕೆ ಪುರಾವೆ ಯಾವುದು ಗೊತ್ತಾ? ನಮ್ಮದೇ ಬಾಂಡ್. ಮದುವೆ ಮುರಿಯಲು ಬಾರದ ಕಾಗದ, ನಮ್ಮ ಮೇಲೆ ಸಾಕ್ಷಿಯಾಗಿ ಚೆನ್ನಾಗಿಯೇ ಬಂತು.

ಏಕಪಕ್ಷೀಯ ಡಿಕ್ರಿ ರದ್ದು ಮಾಡಿ ಅಂತ ಅರ್ಜಿ ಹಾಕಲು ಇರುವುದು ಮೂವತ್ತು ದಿನ. ನೋಟೀಸು ಸರಿಯಾಗಿ ಮುಟ್ಟದಿದ್ದರೆ ವಿಷಯ ತಿಳಿದ ದಿನದಿಂದ ಎಣಿಕೆ. ನಾನು ಅಫಿಡವಿಟ್ ಕೊಡಬೇಕಾಯಿತು: ನೋಟೀಸು ವಾಪಸ್ ಕಳಿಸಿದವನು ನಾನು, ಅರ್ಜಿದಾರಳಿಗೆ ತಿಳಿಸಿರಲಿಲ್ಲ. ಪಾಟೀಸವಾಲಿನಲ್ಲಿ ಅವರ ವಕೀಲರು, "ಹಾಗಾದರೆ ನಿಮ್ಮ ತಂಗಿಯ ಜೀವನದ ತೀರ್ಮಾನ ಎಲ್ಲ ನಿಮ್ಮದೇನಾ?" ಅಂತ ಕೇಳಿದರು. ಏನು ಉತ್ತರ ಕೊಟ್ಟೆ ಅನ್ನುವುದು ನೆನಪಿಲ್ಲ. ಖರ್ಚು ಕಟ್ಟಿಸಿಕೊಂಡು 2023ರಲ್ಲಿ ಡಿಕ್ರಿ ರದ್ದು ಮಾಡಿದರು.

ಅಷ್ಟರಲ್ಲಿ ಮಗನಿಗೆ ಒಂಬತ್ತು ಹತ್ತಿರ. ಮಕ್ಕಳ ವಿಷಯದಲ್ಲಿ ಕೋರ್ಟು ನೋಡುವುದು ಅಪ್ಪನ ಹಕ್ಕನ್ನೂ ಅಲ್ಲ, ಅಮ್ಮನ ಹಕ್ಕನ್ನೂ ಅಲ್ಲ, ಮಗುವಿನ ಹಿತವನ್ನು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಇರಬೇಕು ಅಂತ 1956ರ ಅಪ್ರಾಪ್ತರ ಪಾಲಕತ್ವದ ಕಾಯ್ದೆಯಲ್ಲೇ ಇದೆ. ನಾವು ಸಹಿ ಹಾಕಿದ ದಿನ ಅವನಿಗೆ ನಾಲ್ಕೂವರೆ, ಇದ್ದದ್ದು ತಾಯಿಯ ಮಡಿಲಲ್ಲೇ. ಆವತ್ತೇ ಕೋರ್ಟಿಗೆ ಹೋಗಿದ್ದರೆ ಕಾನೂನು ನಮ್ಮ ಕಡೆ ವಾಲುತ್ತಿತ್ತು. ಈಗ ಅವನದು ನಾಲ್ಕು ವರ್ಷದ ಸ್ಕೂಲು, ಗೆಳೆಯರು, ಅಜ್ಜಿಯ ಅಭ್ಯಾಸ. ಹೊಂದಿಕೊಂಡ ಮಗುವನ್ನು ಕಿತ್ತು ಇನ್ನೊಂದು ಕಡೆ ನೆಡಲು ಯಾವ ನ್ಯಾಯಾಧೀಶರೂ ಸುಲಭಕ್ಕೆ ಒಪ್ಪುವುದಿಲ್ಲ. ಅದು ತಪ್ಪು ಅಂತ ನನಗೂ ಅನ್ನಿಸುವುದಿಲ್ಲ.

ಕೋರ್ಟಿನ ಆವರಣದಲ್ಲೇ ಭೇಟಿಗೆ ಅವಕಾಶ ಕೊಟ್ಟರು. ಮೊದಲನೇ ಸಲ ನಾನೂ ಹೋಗಿದ್ದೆ. ಬೆಳಗಿನ ಬಸ್ಸು, ಮಂಡಗದ್ದೆ ದಾಟುವವರೆಗೂ ತಂಗಿ ಮಾತಾಡಲಿಲ್ಲ. ತೊಡೆಯ ಮೇಲೆ ಡಬ್ಬಿ, ಅದರಲ್ಲಿ ಅವನಿಗಿಷ್ಟ ಅಂತ ಅರಿಸಿನ ಎಲೆಯ ಕಡುಬು. ಸಕ್ರೆಬೈಲು ಹತ್ತಿರ, "ಇಲ್ಲಿ ಆನೆ ತೋರಿಸ್ತಿದ್ದೆ ಅವ್ನಿಗೆ" ಅಂದಳು, ಅಷ್ಟೇ. ಹುಡುಗ ಎತ್ತರವಾಗಿದ್ದ. ಅತ್ತು ರಂಪ ಮಾಡುತ್ತಾನೇನೋ ಅಂತ ನಾನು ಹೆದರಿದ್ದೆ. ಅಂಥದ್ದೇನೂ ಆಗಲಿಲ್ಲ. ಕುರ್ಚಿ ಸರಿಸಿ, "ಅಮ್ಮಾ, ನೀವು ಕೂತ್ಕೊಳ್ಳಿ" ಅಂದ. ಮುಂಚೆ ಅವಳಿಗೆ "ಏ ಅಮ್ಮ, ಬಾ ಇಲ್ಲಿ" ಅನ್ನುತ್ತಿದ್ದ ಹುಡುಗ. ಯಾರೋ ಹೇಳಿಕೊಟ್ಟ ಮರ್ಯಾದೆಯಲ್ಲ ಅದು, ಪರಿಚಯ ಕಡಿಮೆಯಿರುವ ದೊಡ್ಡವರಿಗೆ ಮಕ್ಕಳು ತಾವಾಗಿ ಕೊಡುವ ಮರ್ಯಾದೆ. ಕಡುಬು ಒಂದು ತಿಂದ. ಇನ್ನೊಂದು ಬೇಡ, ಥ್ಯಾಂಕ್ಸ್ ಅಂದ.

ಆಮೇಲೆ ನ್ಯಾಯಾಧೀಶರು ಅವನೊಬ್ಬನನ್ನೇ ಚೇಂಬರಿಗೆ ಕರೆದು ಮಾತಾಡಿಸಿದರು. ತಕ್ಕ ಬುದ್ಧಿ ಬಂದಿರುವ ಮಗುವಿನ ಇಷ್ಟವನ್ನು ಕೋರ್ಟು ಕೇಳಬಹುದು, ಆದರೆ ಅದೇ ಕೊನೆ ಮಾತಲ್ಲ.

ಜೀವನಾಂಶದ್ದು ಇನ್ನೊಂದು ಪುರಾಣ. 2020ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಹಾಕಬೇಕು. ಭಾವ ಹಾಕಿದ್ದು: ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ತಿಂಗಳಿಗೆ 12,000. ತೋಟ ಇರುವುದು ಅಪ್ಪನ ಹೆಸರಲ್ಲಿ. ನಮ್ಮ ಮಲೆನಾಡಿನಲ್ಲಿ ಜೀವನಾಂಶದ ಕೇಸು ಬಂದ ತಕ್ಷಣ ಎಲ್ಲ ತೋಟವೂ ಅಪ್ಪಂದಿರ ಹೆಸರಿಗೆ ಓಡುತ್ತದೆ! ಜೀವನಾಂಶ ಕೇಳಲ್ಲ ಅಂತ ಬಾಂಡಿನಲ್ಲಿ ಬರೆದುಕೊಟ್ಟಿದ್ದನ್ನೂ ತೋರಿಸಿದರು. ಹಾಗೆ ಬರೆದುಕೊಟ್ಟ ಮಾತ್ರಕ್ಕೆ ಕಾನೂನು ಕೊಟ್ಟ ಹಕ್ಕು ಹೋಗುವುದಿಲ್ಲ ಅಂತ ನಮ್ಮ ವಕೀಲರು ವಾದಿಸಿದರು.

ಕೊನೆಗೆ ಮಧ್ಯಸ್ಥಿಕೆಯಲ್ಲಿ ಕೂತು 2024ರಲ್ಲಿ ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್ ಅಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನವಾಯಿತು. ಮಗ ಅಪ್ಪನ ಹತ್ತಿರ, ತಿಂಗಳಿಗೆ ಎರಡು ವಾರಾಂತ್ಯ, ಬೇಸಿಗೆ ಮತ್ತು ದಸರಾ ರಜದಲ್ಲಿ ಅರ್ಧರ್ಧ ತಾಯಿಯ ಹತ್ತಿರ. ಎಲ್ಲವೂ ಡಿಕ್ರಿಯಲ್ಲಿ ಬರೆದಿದೆ, ಬಿಡುವ ಗಂಟೆ ಸಮೇತ.

ಹೊಟ್ಟೆ ಉರಿಯುವುದು ಇಲ್ಲಿಯೇ. ಇದೇ 13ಬಿ ನಮಗೆ 2019ರಲ್ಲೂ ಇತ್ತು. ಒಂದು ವರ್ಷ ಬೇರೆ ಇದ್ದಿರಬೇಕು, ಅದು ಆಗಿತ್ತು. ಇಬ್ಬರೂ ಸೇರಿ ಅರ್ಜಿ ಹಾಕಿ, ಆರು ತಿಂಗಳು ಕಳೆದ ಮೇಲೆ ಮತ್ತೆ ಬಂದು ಹೌದು ಅಂದರೆ ಡಿಕ್ರಿ. ಇಬ್ಬರೂ ಬೇರೆಯಾಗಿ ಒಂದೂವರೆ ವರ್ಷ ದಾಟಿ, ಮಕ್ಕಳದು, ಹಣದ್ದು ಎಲ್ಲ ಇತ್ಯರ್ಥ ಆಗಿದ್ದರೆ ಆ ಆರು ತಿಂಗಳನ್ನೂ ಕೋರ್ಟು ಬಿಡಬಹುದು ಅಂತ 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಜಗಲಿಯಲ್ಲಿ ಮಾತಾಡಿದ್ದು ತಪ್ಪಲ್ಲ, ಅದನ್ನೇ ವಕೀಲರ ಕೈಲಿ ಬರೆಸಿ ಕೋರ್ಟಿಗೆ ಒಯ್ಯದೆ ಇದ್ದದ್ದು ತಪ್ಪು. ಮಗು "ಸದ್ಯಕ್ಕೆ" ಅಲ್ಲಿರಲಿ ಅನ್ನುವುದಾದರೆ ಯಾವ ತಾರೀಖಿನವರೆಗೆ, ಯಾವ ಶನಿವಾರ ಬರಬೇಕು ಅಂತ ಆ ಅರ್ಜಿಯಲ್ಲೇ ಬರೆಸಿ. ಈಗಾಗಲೇ ಬಾಂಡ್ ಮಾಡಿಕೊಂಡು ಕೂತಿದ್ದರೆ ಈಗಲಾದರೂ ಅರ್ಜಿ ಹಾಕಿ. ಮಕ್ಕಳ ಕಸ್ಟಡಿ, ಖರ್ಚಿನ ಆದೇಶವನ್ನು ಪರಿಸ್ಥಿತಿ ಬದಲಾದರೆ ಆಮೇಲೂ ಬದಲಾಯಿಸಿ ಅಂತ ಕೇಳಬಹುದು, ತಡವಾಯಿತು ಅಂತ ಸುಮ್ಮನೆ ಕೂರಬೇಡಿ.

ದುಡ್ಡಿಲ್ಲ ಅನ್ನುವವರಿಗೆ ಒಂದು ಮಾತು, ನಮಗೆ ಸಾಲ ಮಾಡಿದ ಮೇಲೆ ಗೊತ್ತಾದದ್ದು: ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಸಹಾಯವಾಣಿ 15100.

ಕೊಪ್ಪದ ನೆಂಟರಿಗೆ ಡ್ರಾಫ್ಟ್ ಕಳಿಸಲಿಲ್ಲ. ಈ ನಂಬರ್ ಕಳಿಸಿ, "ಒಂದ್ಸಲ ಫೋನ್ ಮಾಡಿ ಮಾರಾಯ್ರೇ, ಎಲ್ಲ ಹೇಳ್ತೀನಿ" ಅಂತ ಬರೆದೆ. ನೀಲಿ ಟಿಕ್ ಬಂದು ನಾಲ್ಕು ದಿನವಾಯಿತು. ಫೋನ್ ಬಂದಿಲ್ಲ.